ಮಸ್ಕಿ ಹುಟ್ಟಿದ ವಾರ

ಮರಿಸ್ವಾಮಿ ಮಾಸ್ತರರು ಒಂದು ಸಲ ನಿಶ್ಚಯ ಮಾಡಿದರೆಂದರೆ ಮುಗಿಯಿತು, ಮಸ್ಕಿಯ ಗುಡ್ಡ ಬೇಕಾದರೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕು! ಹಾಗೆಂದು ಊರವರು ಯಾರೂ ಹೇಳಿದ್ದಲ್ಲ, ಮಾಸ್ತರರೇ ಹೇಳಿಕೊಂಡದ್ದು. ೧೯೫೪ರ ಮೇ ತಿಂಗಳ ಕೊನೆಯ ಸೋಮವಾರ ರುಮಾಲು ಸುತ್ತಿಕೊಳ್ಳುತ್ತ ಅವರು ಮಾಡಿದ ನಿಶ್ಚಯ ಇದು: ಬಸ್‌ಸ್ಟ್ಯಾಂಡಿನ ಎದುರಿನ ವಾಚನಾಲಯದ ಕರಿಹಲಗೆಯ ಮೇಲೆ ಇನ್ನು ಪ್ರತಿ ವಾರ ‘ಈ ವಾರದ ಇತಿಹಾಸ’ ಬರೆಯುವುದು. ಘಟನೆ, ಜನನ, ಮರಣ! ಇತಿಹಾಸದ ಗಂಧಗಾಳಿ ಇಲ್ಲದ ಊರವರನ್ನು ಒಂದೇ ಬಳಪದಿಂದ ಉದ್ಧಾರ ಮಾಡಿಬಿಡುವುದು!

ಹೆಂಡತಿ ಶೇಖರಮ್ಮ ಕಡಲೆಬೇಳೆ ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

“ಗುರುವಾರ ಬಸುರಿ ಮಗಳ ಕುಬುಸ ಐತಿ, ನೆನಪೈತೇನ್ರಿ? ಲಿಂಗಸುಗೂರಿಂದ ಬೀಗರು ಮೊದಲನೇ ಬಸ್ಸಿಗೇ ಬರ್ತಾರ. ಆ ಬೀಗಿತಿ ಜಂಬಮ್ಮ ಹೋಳಿಗಿ ತಿಂದ ಮ್ಯಾಲನ ಮಂದೀನ ಅಳೀತಾಳ. ಮುದಗಲ್ ಸಂತಿಯಿಂದ ಹೋಳಿಗಿಗೆ ಒಂದು ದೊಡ್ಡ ಪೆಂಟಿ ಬೆಲ್ಲ ತರಿಸಿಟ್ಟೀನಿ. ಅದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ, ಮೊದಲ ಹೇಳೀನಿ.”

“ಜಗತ್ತಿನ ಇತಿಹಾಸದ ಮುಂದ ನಿನ್ನ ಬೆಲ್ಲ ಯಾವ ಲೆಕ್ಕ!” ಎಂದು ಮಾಸ್ತರರು ಹೊರಬಿದ್ದರು.

ಹಲಗೆಯ ಮೇಲೆ ಮುತ್ತಿನಂಥ ಅಕ್ಷರ ಮೂಡಿದವು. ಘಟನೆ: ಶಿವಾಜಿ ಮಹಾರಾಜರ ಪಟ್ಟಾಭಿಷೇಕ, ಹೋದ ವರ್ಷ ಇಂಗ್ಲೆಂಡಿನ ರಾಣಿಯ ಪಟ್ಟಾಭಿಷೇಕ. ಮರಣ: ಇಟಲಿಯ ವೀರ ಗ್ಯಾರಿಬಾಲ್ಡಿ. ಜನನ ಎಂದು ಬರೆದು ಕೈ ನಿಂತಿತು. ಆ ವಾರ ಹುಟ್ಟಿದ ಒಬ್ಬ ಮಹಾಪುರುಷನೂ ನೆನಪಿಗೆ ಬರಲೊಲ್ಲ!

ಎದುರಿನ ಚಹಾದಂಗಡಿಯಿಂದ ಬಾಲಪ್ಪ ನೋಡುತ್ತಿದ್ದ. ಮಾಸ್ತರರ ಹಳೆಯ ಶಿಷ್ಯ, ಈಗ ಮೀಸೆಯ ಗಂಡಸು. “ಮಾಸ್ತರ್ರ, ಎಲ್ಲಾ ಹೊರಗಿನವರನ್ನ ಬರದೀರಲ್ಲ! ನಮ್ಮೂರಾಗ ಯಾರೂ ಹುಟ್ಟೇ ಇಲ್ಲೇನ್ರಿ?”

ಆ ಮಾತು ಮಾಸ್ತರರ ಎದೆಗೆ ನಾಟಿತು. ಮನಸ್ಸಿನಲ್ಲೇ ಲೆಕ್ಕ ಹಾಕಿದರು: ಊರಲ್ಲಿ ಶಾಲೆ ಕಲಿತವರು ನೂರು ನೂರೈವತ್ತು ಮಂದಿ, ವರ್ಷಕ್ಕೆ ಐವತ್ತೆರಡು ವಾರ, ಒಂದು ವಾರಕ್ಕೆ ಬಿದ್ದರೆ ಎಷ್ಟು ಮಂದಿ ಬಿದ್ದಾರು? ಇಬ್ಬರು, ಬಹಳಾದರೆ ಮೂವರು. ಸರಿ, ಧಾರಾಳ ಮನಸ್ಸಿನಿಂದ ಬರೆದೇಬಿಟ್ಟರು: ‘ಜನನ: ಈ ವಾರ ಹುಟ್ಟಿದ ಮಸ್ಕಿಯವರ ಹೆಸರು ಇಲ್ಲಿ ಬರೆಯಲಾಗುವುದು. ಮಾಸ್ತರರ ಮನೆಯಲ್ಲಿ ಬೆಲ್ಲ ಕೊಟ್ಟು ಸನ್ಮಾನಿಸಲಾಗುವುದು. ಶಾಲೆಯ ದಾಖಲೆಯೇ ಪ್ರಮಾಣ!’

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಬಾಲಪ್ಪನೇ ನಿಂತಿದ್ದ. “ಮಾಸ್ತರ್ರ, ನಾನೂ ಈ ವಾರದವನ ರೀ! ಅಂಗಡಿ ಲೈಸನ್ಸಿಗೆ ನೀವೇ ಬರದು ಕೊಟ್ಟ ಚೀಟಿಯೊಳಗ ಜೂನ್ ಒಂದು ಅಂತ ಐತಿ.”

ಶಾಲೆಯ ಮಾಡು ಸೋರುತ್ತಿದ್ದುದರಿಂದ ದಾಖಲೆಯ ಪುಸ್ತಕಗಳು ಮಾಸ್ತರರ ಮನೆಯ ಟ್ರಂಕಿನಲ್ಲೇ ಇದ್ದವು. ತೆಗೆದು ನೋಡಿದರೆ ನಿಜ! ಬಾಲಪ್ಪ, ಜೂನ್ ಒಂದು. ಅವನಿಗೆ ಹಿಡಿಗಾತ್ರದ ಬೆಲ್ಲದ ಹೆಂಟೆ ಸಿಕ್ಕಿತು. ಮಾಸ್ತರರು ಹಾಗೇ ಕೆಳಗೆ ಕಣ್ಣು ಹಾಯಿಸಿದರು. ಗ್ಯಾನಪ್ಪ, ಜೂನ್ ಒಂದು. ಅಲ್ಲಾಭಕ್ಷ್, ಜೂನ್ ಒಂದು. ಕನಕಮ್ಮ, ಜೂನ್ ಒಂದು. ಪುಟ ಮಗುಚಿದರು. ಕೆಲವು ಪುಟಗಳಲ್ಲಿ ನಿಜಾಮ ಸರಕಾರದ ಪಂಚಾಂಗದಂತೆ ಎಲ್ಲರೂ ಅಮರ್ದಾದ್ ತಿಂಗಳ ಒಂದನೇ ತಾರೀಖು. ಅದೂ ಇಂಗ್ಲಿಷ್ ಲೆಕ್ಕಕ್ಕೆ ತಂದರೆ ಇದೇ ವಾರಕ್ಕೆ ಬಂದು ಬೀಳುತ್ತದೆ! ಮಾಸ್ತರರ ಹಣೆಯ ವಿಭೂತಿ ಬೆವರಿಗೆ ಕರಗಿತು.

ಈಗ ನಿಜ ಹೇಳಿಬಿಡೋಣ. ಮಕ್ಕಳನ್ನು ಶಾಲೆಗೆ ಹಚ್ಚಲು ತಂದವರು ಹುಟ್ಟಿದ ದಿನ ಕೇಳಿದರೆ “ಬಿಳಿ ಎತ್ತು ಸತ್ತ ವರ್ಷ ರೀ” ಎನ್ನುತ್ತಿದ್ದರು. ಅದನ್ನು ಯಾವ ತಾರೀಖಿಗೆ ತರುವುದು? ಮಾಸ್ತರರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ವರ್ಷ ತುಂಬಿತು! ತಾರೀಖಿನ ಜಾಗದಲ್ಲಿ ಶಾಲೆ ತೆರೆಯುವ ದಿನವನ್ನೇ ಜಡಿದು ಕೈತೊಳೆದುಕೊಳ್ಳುತ್ತಿದ್ದರು. ಹೀಗೆ ಹದಿನೆಂಟು ವರ್ಷ!

ಬಾಲಪ್ಪನ ಚಹಾದಂಗಡಿಯಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಮಧ್ಯಾಹ್ನದೊಳಗೆ ಮನೆಯ ಮುಂದೆ ಸಾಲು ನಿಂತಿತು. ಮೀಸೆಯವರು, ಮಗುವನ್ನು ಸೊಂಟಕ್ಕೇರಿಸಿದವರು, ಕುರಿ ಬಿಟ್ಟು ಬಂದವರು. ಎಲ್ಲರೂ ಒಂದೇ ವಾರ ಹುಟ್ಟಿದವರು!

ಶೇಖರಮ್ಮ ಬೆಲ್ಲ ಒಡೆದು ಒಡೆದು ಸಾಕಾಗಿ ಒಳಗಿನಿಂದ ಕೂಗಿದಳು. “ಏನ್ರೀ ಇದು! ಈ ಊರಿನ ಹೆಣ್ಣುಮಕ್ಕಳೆಲ್ಲ ಮಾತಾಡಿಕೊಂಡು ಒಂದೇ ವಾರ ಹಡದಾರೇನು?”

“ದಾಖಲೆಯೊಳಗ ಹಾಂಗ ಐತಿ...”

“ದಾಖಲೆ ಬರದವರು ಯಾರು?”

ಮಾಸ್ತರರು ಕೆಮ್ಮಿದರು. ತಾರೀಖು ಸುಳ್ಳು ಎಂದರೆ ಬೆಲ್ಲ ಉಳಿಯುತ್ತದೆ, ಮಾಸ್ತರರ ಮಾನ ಹೋಗುತ್ತದೆ. ನಿಜ ಎಂದರೆ ಮಾನ ಉಳಿಯುತ್ತದೆ, ಮಗಳ ಹೋಳಿಗೆ ಹೋಗುತ್ತದೆ. ಪಾಪ, ಮಾನವನ್ನೇ ಆರಿಸಿಕೊಂಡರು. ಬುಧವಾರ ಮಧ್ಯಾಹ್ನ ಪೆಂಟೆಯ ಜಾಗದಲ್ಲಿ ಖಾಲಿ ಗೋಣಿ ಬಿದ್ದಿತ್ತು. ಅಂಗಡಿಗೆ ಓಡಿದರೆ, “ಬೆಲ್ಲ ಶುಕ್ರವಾರ ಬರ್ತೈತ್ರಿ” ಎಂದರು.

ಮಗಳು ಕಸ್ತೂರೆಮ್ಮ ಬಾಗಿಲ ಸಂದಿಯಲ್ಲಿ ನಿಂತು ಖಾಲಿ ಗೋಣಿ ನೋಡಿದಳು. ಅವಳ ಕಣ್ಣು ತುಂಬಿದವು. ಅತ್ತೆಯ ಬಾಯಿ ಎಂಥದು ಎಂಬುದು ಅವಳಿಗೇ ಗೊತ್ತು.

ಆ ಹೊತ್ತಿಗೆ ಬಾಲಪ್ಪನ ತಾಯಿ ಯಮನಮ್ಮ ಬಂದಳು. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಬೆಲ್ಲದ ಹೆಂಟೆ ತೆಗೆದು ಪಡಸಾಲೆಯಲ್ಲಿ ಟಪ್ಪೆಂದು ಇಟ್ಟಳು.

“ಮಾಸ್ತರ್ರ, ನನ್ನ ಮಗ ಹುಟ್ಟಿದ್ದು ಎಳ್ಳ ಅಮಾಸಿ ದಿನ. ಹೊಲಕ್ಕ ಭೂಮಿತಾಯಿಗೆ ಚರಗದ ಎಡಿ ಚೆಲ್ಲಾಕ ಹೋದಾಗ ಬ್ಯಾನಿ ಬಂತು, ಜ್ವಾಳದ ಸಾಲಿನ್ಯಾಗ ಹಡದೀನಿ. ಥಂಡಿಗೆ ಹಲ್ಲು ಕಟಕಟ ಅಂತಿದ್ದುವು. ನೀವು ಅವನ್ನ ಬ್ಯಾಸಿಗ್ಯಾಗ ಹ್ಯಾಂಗ ಹುಟ್ಟಿಸಿದ್ರಿ? ನಮ್ಮದಲ್ಲದ ದಿನದ ಬೆಲ್ಲ ನಮಗ ದಕ್ಕೂದಿಲ್ಲ, ಇಟ್ಕೋರಿ!”

ಮಾಸ್ತರರು ತಲೆ ತಗ್ಗಿಸಿದರು. ಮಾನವೂ ಹೋಯಿತು! ಆದರೆ ಶೇಖರಮ್ಮನ ಮುಖ ಅರಳಿತು.

“ಯಮನಕ್ಕ, ನೀ ನನ್ನ ಪಾಲಿನ ದೇವರು! ಎಲ್ಲಾ ತಾಯಂದಿರಿಗೂ ಹೋಗಿ ಇದನ್ನ ಹೇಳು. ನಾಳೆ ಹೊತ್ತು ಮೂಡೂದ್ರೊಳಗ ಬೆಲ್ಲ ತಗೊಂಡು ಬರ್ರಿ. ಹೋಳಿಗಿ ಮಾಡೂಣು, ಉಂಡು ಹೋಗ್ರಿ, ನನ್ನ ಮಗಳಿಗೆ ಉಡಿ ತುಂಬ್ರಿ!”

ಗುರುವಾರ ಕೋಳಿ ಕೂಗುವುದಕ್ಕೆ ಮುಂಚೆ ಓಣಿಯ ಹೆಂಗಸರು ಬಂದು ತುಂಬಿದರು. ಕೊಟ್ಟ ಬೆಲ್ಲವೆಲ್ಲ ತಿರುಗಿ ಬಂತು. ಕೆಲವದರ ಮೂಲೆಯಲ್ಲಿ ಹಲ್ಲಿನ ಗುರುತು ಇತ್ತು, ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹೂರಣ ರುಬ್ಬುತ್ತ ಒಬ್ಬೊಬ್ಬಳೇ ತನ್ನ ಹೆರಿಗೆಯ ಕಥೆ ತೆಗೆದಳು. ಒಬ್ಬಳು ಪ್ಲೇಗಿಗೆ ಊರು ಬಿಟ್ಟಾಗ ಗುಡಿಸಲಿನಲ್ಲಿ ಹಡೆದಿದ್ದಳು. ಅಲ್ಲಾಭಕ್ಷನ ತಾಯಿ ಜೈನಾಬೀ ರಂಜಾನಿನ ಚಂದ್ರ ಕಂಡ ಸಂಜೆ ಹಡೆದಿದ್ದಳು. ದಿನ, ಹೊತ್ತು, ಗಾಳಿ, ಮಳೆ, ಸೂಲಗಿತ್ತಿ ಬೈದದ್ದು, ಒಂದನ್ನೂ ಮರೆತಿರಲಿಲ್ಲ. ಕಟ್ಟೆಯ ಮೇಲೆ ಕೂತ ಮಾಸ್ತರರಿಗೆ ನಾಚಿಕೆಯೂ ಆಯಿತು, ಏನೋ ಒಂದು ಸಂತೋಷವೂ ಆಯಿತು.

ಬೀಗಿತಿ ಜಂಬಮ್ಮ ಬಂದಳು. ಐದು ಹೋಳಿಗೆ ತಿಂದಳು, ಆರನೆಯದಕ್ಕೆ ಬೇಡ ಎನ್ನಲಿಲ್ಲ. ಕಸ್ತೂರೆಮ್ಮನ ಉಡಿ ತುಂಬಿ ತುಂಬಿ ನೆಲಕ್ಕೆ ಸುರಿಯಿತು. “ಇಷ್ಟು ಮಂದೀನ ಸಂಪಾದಿಸೀರಲ್ಲ ಬೀಗರ!” ಎಂದು ಜಂಬಮ್ಮ ಬಾಯಿತುಂಬ ಹೊಗಳಿದಳು. ಮಾಸ್ತರರ ಬೆನ್ನು ಮತ್ತೆ ನೆಟ್ಟಗಾಯಿತು, ರುಮಾಲು ಸರಿಯಾಯಿತು.

“ಅಂದಂಗ ಬೀಗರ, ಪಂಚಾಂಗ ನೋಡಾಕ ನಮ್ಮ ಮಠದ ಅಯ್ಯನೋರು ಸೊಸಿ ಹುಟ್ಟಿದ ದಿನ ಕೇಳ್ಯಾರ. ನಿಮ್ಮ ಮಗಳು ಹುಟ್ಟಿದ್ದು ಯಾವಾಗ?”

“ಜೂನ್ ಒಂದು!”

ಹದಿನೆಂಟು ವರ್ಷದ ರೂಢಿ, ಮಾತು ತಾನಾಗಿಯೇ ಬಿತ್ತು. ಮಗಳನ್ನು ಶಾಲೆಗೆ ಹಚ್ಚಿದ ದಿನವೂ ಕಿವಿ ಮುಟ್ಟಿಸಿ ಅದನ್ನೇ ಬರೆದಿದ್ದರು ಮಹಾನುಭಾವರು!

“ಶಿವರಾತ್ರಿ ದಿನ ರೀ!” ಶೇಖರಮ್ಮ ಹಣೆ ಬಡಿದುಕೊಂಡಳು. “ಉಪವಾಸ ಇದ್ದ ಮನುಷ್ಯ, ಕೂಸಿನ ಅಳು ಕೇಳಿದ ಕೂಡಲೇ ಖುಷಿಗೆ ಅಂಗಳದಾಗ ಕುಣದೀರಿ!”

ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ಕಸ್ತೂರೆಮ್ಮ ಎಲ್ಲರಿಗಿಂತ ಹೆಚ್ಚು ನಕ್ಕಳು. ಜಂಬಮ್ಮ ಮಾತ್ರ ನಗಲಿಲ್ಲ. ಕೈತೊಳೆದು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಶೇಖರಮ್ಮನ ಕಡೆ ತಿರುಗಿ ಗಂಭೀರವಾಗಿ ಹೇಳಿದಳು:

“ಬೀಗಿತಿ, ಹೆರಿಗಿ ನಿಮ್ಮ ಮನ್ಯಾಗ ಆಗಲಿ, ಬಾಣಂತನ ನೀವ ಮಾಡ್ರಿ. ಆದ್ರ ಬ್ಯಾನಿ ಬಂತು ಅಂದ ಕೂಡಲೇ ಸೂಲಗಿತ್ತೀನ ಆಮ್ಯಾಲ ಕರೀರಿ. ಮೊದಲ ಬೀಗರ ಕೈಯಾಗಿನ ಬಳಪ ಕಸಗೋರಿ!”