ಬ್ಯಾಂಕಾಕಿಗೆ ಇಬ್ಬರೇ

ಸಂತೋಷ ಬಂದು ಬಾಗಿಲು ತಟ್ಟಿದರೆ ಕೆಲವರು ತಕ್ಷಣ ಚಿಲಕ ತೆಗೆಯುತ್ತಾರೆ. ನಾನು ಮೊದಲು ಕಿಟಕಿಯಲ್ಲಿ ಇಣುಕಿ, ಅದರ ಹಿಂದೆ ಇನ್ಯಾರು ನಿಂತಿದ್ದಾರೆ ಎಂದು ನೋಡುವವಳು. ಇದು ಒಳ್ಳೆಯ ಗುಣವಲ್ಲ ಎಂದು ನನಗೂ ಗೊತ್ತು. ತರಕಾರಿಯವನು ತಾನಾಗಿ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದರೆ ಮನೆಗೆ ಬಂದು ಟೊಮೆಟೊ ಒಂದೊಂದನ್ನೂ ತಿರುಗಿಸಿ ನೋಡುತ್ತೇನೆ. ಸೊಸೆ ಬಂದು ‘ಅತ್ತೆ, ನೀವು ಕೂತ್ಕಳಿ, ಪಾತ್ರೆ ನಾನು ತೊಳೀತೀನಿ’ ಎಂದರೆ ಯಾವ ಗಾಜಿನ ಲೋಟ ಒಡೆದಿರಬಹುದು ಎಂದು ಯೋಚಿಸುತ್ತೇನೆ. ನಾನು ಓದಿದ್ದು ಐದನೇ ಕ್ಲಾಸಿನವರೆಗೆ. ಅನುಮಾನದಲ್ಲಿ ಮಾತ್ರ ಎಂ.ಎ. ಮಾಡಿದ್ದೇನೆ ಎಂದು ನಮ್ಮ ಯಜಮಾನರು ನೆಂಟರ ಮುಂದೆ ಹೇಳುವುದುಂಟು. ಈಗ ನನಗೆ ಬಂದಿರುವ ಸಂತೋಷ ಎಂಥದ್ದೆಂದರೆ, ಅದನ್ನು ಸೇಲಂನ ಅರ್ಧ ಊರಿಗೆ ಹೇಳಿಯೂ ಮುಗಿಯದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊಮ್ಮಗಳು ಕಾಲೇಜಿಗೆ ಹೋಗುವ ಈ ವಯಸ್ಸಿನಲ್ಲಿ, ಬರುವ ವಾರ ನಾನು ವಿಮಾನ ಹತ್ತಿ ಬ್ಯಾಂಕಾಕಿಗೆ ಹೋಗುತ್ತಿದ್ದೇನೆ. ಜೊತೆಗೆ ನಮ್ಮ ಯಜಮಾನರು. ಬೇರೆ ಯಾರೂ ಇಲ್ಲ. ಆ ‘ಬೇರೆ ಯಾರೂ ಇಲ್ಲ’ ಎಂಬ ಮಾತೇ ಎರಡು ತಿಂಗಳು ನನ್ನ ನೆಮ್ಮದಿ ತಿಂದದ್ದು.

ಯಜಮಾನರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ರಿಟೈರಾದವರು. ಜೀವಮಾನವೆಲ್ಲ ನಿಂತುಕೊಂಡೇ ಪ್ರಯಾಣ ಮಾಡಿದವರಿಗೆ ರಜೆ ಎಂದರೆ ಅಲುಗಾಡದ ಒಂದು ಕುರ್ಚಿ. ಏರ್ಕಾಡಿಗೆ ಹೋಗೋಣ ಎಂದರೆ ‘ಬೆಟ್ಟ ಇಲ್ಲಿಂದಲೇ ಕಾಣ್ತೈತಲ್ಲ’ ಎನ್ನುವರು. ನನ್ನ ತವರು ಮಾರಂಡಹಳ್ಳಿಗೆ ಮದುವೆ ಇಲ್ಲವೇ ಸಾವು ಎಂದರೆ ಮಾತ್ರ ಬರುವರು. ಬಂದರೂ ದಾರಿಯುದ್ದಕ್ಕೂ ಆ ಬಸ್ಸಿನ ಕಂಡಕ್ಟರ್ ವಿಷಲ್ ಊದುವ ರೀತಿ ಸರಿಯಿಲ್ಲ ಎಂದು ಮುಖ ಹಿಂಡಿಕೊಂಡು ಕೂರುವರು. ಇಂಥವರು ಒಂದು ಬೆಳಗ್ಗೆ ಇಡ್ಲಿ ತಿನ್ನುತ್ತಾ, ಇನ್ನಷ್ಟು ಚಟ್ನಿ ಕೇಳುವ ದನಿಯಲ್ಲೇ, ‘ಏನೇ, ನಾವಿಬ್ರೂ ಬ್ಯಾಂಕಾಕ್‌ಗೆ ಓಗಿ ಬರಣವಾ?’ ಎಂದರು.

ನಾನು ಚಟ್ನಿ ಬಡಿಸಿದೆ. ‘ಯಾಕೆ?’ ಎಂದೆ.

‘ಯಾಕೆ ಅಂದ್ರೆ? ಊರು ನೋಡಕ್ಕೆ.’

‘ಈ ಊರನ್ನೇ ನಾನು ಪೂರ್ತಿ ನೋಡಿಲ್ಲ.’

‘ಅದಕ್ಕೇ,’ ಎಂದು ಕೈ ತೊಳೆಯಲು ಎದ್ದರು. ‘ಅದಕ್ಕೇ’ ಎಂಬುದು ಯಾವ ಪ್ರಶ್ನೆಗೆ ಉತ್ತರ ಎಂದು ನಾನು ಅವತ್ತಿನ ಅಡುಗೆ ಮುಗಿಯುವವರೆಗೂ ಯೋಚಿಸಿದೆ. ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಇದರಲ್ಲಿ ಮೊಮ್ಮಗಳು ನಿಲಾಳ ಕೈಯಿದೆ ಎಂದು ಸಂಜೆಯೊಳಗೆ ಗೊತ್ತಾಯಿತು. ಅವಳು ನಮ್ಮ ಮಗನ ಮಗಳು, ನಮ್ಮ ಜೊತೆಯಲ್ಲೇ ಇದ್ದಾಳೆ. ಅವಳ ಮಾತು ಕನ್ನಡದಲ್ಲಿ ಶುರುವಾಗಿ, ಕೋಪ ಬಂದರೆ ತಮಿಳಿನಲ್ಲಿ ಮುಗಿಯುತ್ತದೆ. ತಾತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನಿನಲ್ಲೇ ಇಡೀ ಬ್ಯಾಂಕಾಕನ್ನು ಅಗ್ಗ ಮಾಡುತ್ತಿದ್ದಳು.

‘ಅಜ್ಜಿ, ಟಿಕೆಟ್ ರೊಂಬ ಚೀಪಾಗಿ ಸಿಕ್ತು. ಅಲ್ಲಿ ಮಳೆಗಾಲ, ಯಾರೂ ಬರಲ್ಲ, ಅದಕ್ಕೆ.’

‘ಯಾರೂ ಓಗದೆ ಇರೋ ಟೈಮಲ್ಲಿ ನಮ್ಮನ್ನ ಯಾಕೆ ಕಳಿಸ್ತಿದ್ದೀಯಾ?’

‘ಓಟ್ಲು ಟ್ರೈನ್ ಸ್ಟೇಷನ್ ಪಕ್ಕದಲ್ಲೇ ಐತೆ, ಆಟೋನೇ ಬೇಡ. ಬೆಳಗ್ಗೆ ಟಿಫನ್ನು ಫ್ರೀ.’

‘ಫ್ರೀಯಾಗಿ ಯಾರು ಕೊಡ್ತಾರೆ? ರಾತ್ರಿ ಉಳಿದಿದ್ದು ಕೊಡ್ತಾರೆ.’

‘ಪೋ ಪಾಟಿ, ಉನ್ನೋಡ ಪೇಸವೇ ಮುಡಿಯಾದು,’ ಎಂದು ನನ್ನೊಡನೆ ಮಾತೇ ಆಡಲಾಗುವುದಿಲ್ಲವೆಂದು ತಮಿಳಿನಲ್ಲಿ ತೀರ್ಪು ಕೊಟ್ಟು, ರೂಮಿನ ಫೋಟೋ ತೋರಿಸಿದಳು. ದೊಡ್ಡದೊಂದು ಮಂಚ. ಅದರ ಮೇಲೆ ಎರಡು ಟವೆಲನ್ನು ಹಂಸದಂತೆ ಮಡಿಸಿ, ಕೊಕ್ಕಿಗೆ ಕೊಕ್ಕು ತಾಗಿಸಿ ಕೂರಿಸಿದ್ದರು. ಸುತ್ತ ಗುಲಾಬಿ ದಳ.

‘ಅವರಿಗೆ ನಮ್ಮ ವಯಸ್ಸು ಯೋಳಿದ್ದೀಯಾ?’ ಎಂದು ಕೇಳಿದೆ. ಯಜಮಾನರು ಕನ್ನಡಕ ಒರೆಸಿಕೊಂಡರು.

ಅಗ್ಗದ ಟಿಕೆಟ್ಟಿಗೆ ಅಗ್ಗದ ನಿಯಮಗಳೂ ಇದ್ದವು. ಒಬ್ಬೊಬ್ಬರಿಗೆ ಕೈಚೀಲ ಮಾತ್ರ, ಅದೂ ಏಳು ಕಿಲೋ. ನಾನು ರಾಗಿಹಿಟ್ಟು, ಪುಳಿಯೋಗರೆ ಗೊಜ್ಜು, ಅವರ ಮಂಡಿಗೆ ಎಣ್ಣೆ, ನನ್ನ ಮಂಡಿಗೆ ಬೇರೆ ಎಣ್ಣೆ ಎಲ್ಲ ಸೇರಿಸಿ ಚೀಲ ಕಟ್ಟಿದರೆ, ಯಜಮಾನರು ಅದನ್ನು ಹಳೇ ಪೇಪರ್ ಅಂಗಡಿಯ ತಕ್ಕಡಿಗೆ ಹೊತ್ತುಕೊಂಡು ಹೋದರು. ಅಂಗಡಿಯವನು ಬಿಚ್ಚಿ ನೋಡಿ ‘ಸೀರೆ ನಾವು ತಗೊಳ್ಳಲ್ಲ ಅಣ್ಣಾ’ ಅಂದನಂತೆ. ರಾಗಿಹಿಟ್ಟು ಮನೆಯಲ್ಲೇ ಉಳಿಯಿತು. ಇವರು ಮಾತ್ರ ಯಾವುದಕ್ಕೂ ಬೇಸರ ಮಾಡಿಕೊಳ್ಳದೆ, ‘ನಿನ್ನ ಸಾಮಾನು ಎಚ್ಚಾದ್ರೆ ನನ್ನ ಚೀಲದಾಗೆ ಆಕು’ ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಮಾರ್ಕೆಟ್ ಚೀಲವನ್ನೇ ಹಿಡಿಯದ ಮನುಷ್ಯ. ಇಷ್ಟು ಒಳ್ಳೆಯತನ ಎಲ್ಲಿಂದ ಬಂತು?

ಎದುರು ಮನೆಯ ಕಮಲಮ್ಮನನ್ನು ಕೇಳಿದ್ದು ನನ್ನ ತಪ್ಪು. ಅವಳು ಕಾಫಿ ಹೀರುತ್ತಾ, ‘ಬ್ಯಾಂಕಾಕ್‌ಗೆ ಗಂಡಸ್ರು ಗುಂಪು ಕಟ್ಕಂಡು ಓಗ್ತಾರೆ. ಎಂಡ್ರುನ್ನ ಯಾರು ಕರ್ಕಂಡು ಓಗ್ತಾರೆ ಸರೋಜಾ?’ ಎಂದಳು. ಆ ದಿಕ್ಕಿನಲ್ಲಿ ನನಗೆ ಭಯವಿರಲಿಲ್ಲ. ಇವರಿಗೆ ಮಸಾಜು ಎಂದರೆ ಮಂಡಿಗೆ ಎಣ್ಣೆ ತಿಕ್ಕುವುದು, ಅದಕ್ಕೂ ನಾನೇ ಆಗಬೇಕು. ಆದರೆ ಕಮಲಮ್ಮ ಲೋಟ ಕೆಳಗಿಟ್ಟು ಇನ್ನೊಂದು ಮಾತು ಹೇಳಿದಳು. ‘ನಮ್ಮ ಭಾವನೂ ಇಂಗೇ. ಇದ್ದಕ್ಕಿದ್ದಂಗೆ ಅಕ್ಕನ್ನ ರಾಮೇಶ್ವರಕ್ಕೆ ಕರ್ಕಂಡು ಓದ್ರು. ಬಂದ್ಮೇಲೆ ಭಾವ ಮೂರು ತಿಂಗ್ಳೂ ಇರ್ಲಿಲ್ಲ. ಡಾಕ್ಟ್ರು ಮೊದ್ಲೇ ಯೋಳಿದ್ರಂತೆ. ಎಂಡ್ತಿಗೆ ಒಂದು ಆಸೆ ತೀರಿಸಾಣ ಅಂತ ಮನ್ಸಲ್ಲೇ ಮಡಿಕಂಡಿದ್ರು ಪಾಪ.’ ಇಷ್ಟು ಹೇಳಿ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋದಳು.

ಅಲ್ಲಿಗೆ ನನಗೆ ಬ್ಯಾಂಕಾಕ್ ಬೇಡವಾಯಿತು. ಈ ಮನುಷ್ಯ ಇದೇ ಕುರ್ಚಿಯಲ್ಲಿ ಕೂತು ಇನ್ನೂ ಇಪ್ಪತ್ತು ವರ್ಷ ಕಾಫಿಯಲ್ಲಿ ಸಕ್ಕರೆ ಸಾಲದೆಂದು ಗೊಣಗಲಿ, ನನಗೆ ಅಷ್ಟೇ ಸಾಕು ಅನ್ನಿಸಿತು. ಅದರ ಹಿಂದಿನ ತಿಂಗಳು ಇವರು ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದು, ‘ಎಲ್ಲಾ ಸರಿಯಾಗೈತೆ’ ಎಂದು ರಿಪೋರ್ಟನ್ನು ಬೀರುವಿನ ಮೇಲೆ ಎಸೆದಿದ್ದರು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೂಲೆಯ ಮೆಡಿಕಲ್ ಶಾಪಿಗೆ ಒಯ್ದೆ. ಅಂಗಡಿಯವನು ಓದಿ, ‘ನಿಮಗಿಂತ ಚೆನ್ನಾಗಿದ್ದಾರೆ’ ಎಂದ. ಇವರು ಅವನಿಗೆ ಮೊದಲೇ ಹೇಳಿಕೊಟ್ಟಿದ್ದಾರೆ ಎಂದುಕೊಂಡು ವಾಪಸು ಬಂದೆ.

ಅಷ್ಟು ಸಾಲದು ಎಂಬಂತೆ ಯಜಮಾನರು ದಿನಾ ಹನ್ನೊಂದು ಗಂಟೆಗೆ ಶರ್ಟು ಹಾಕಿಕೊಂಡು ಹೊರಡತೊಡಗಿದರು. ಎಲ್ಲಿಗೆ ಎಂದರೆ ‘ಇಲ್ಲೇ, ಬತ್ತೀನಿ.’ ಬರುವುದು ಒಂದು ಗಂಟೆಗೆ, ಬೆವತುಕೊಂಡು, ಕಾಲು ನೀವಿಕೊಳ್ಳುತ್ತಾ. ಜೇಬಿನಲ್ಲಿ ಮಡಿಸಿದ ಕಾಗದ. ಮಧ್ಯಾಹ್ನ ಮಲಗಿದಾಗ ತುಟಿ ಅಲುಗಾಡುತ್ತಿತ್ತು, ಬೆರಳು ಏನನ್ನೋ ಎಣಿಸುತ್ತಿತ್ತು. ದೇವರ ನಾಮ ಎಂದುಕೊಂಡು ನಾನು ಸೀಲಿಂಗ್ ಫ್ಯಾನು ನೋಡುತ್ತಾ ಅತ್ತೆ. ಎದ್ದವರು ‘ಕಣ್ಣು ಯಾಕೆ ಕೆಂಪಗೈತೆ?’ ಎಂದರೆ, ಈರುಳ್ಳಿ ಎಂದೆ. ಅವತ್ತು ಮಾಡಿದ್ದು ಮೊಸರನ್ನ.

ಕೊನೆಗೆ ಹಿಂಬಾಲಿಸುವುದು ಎಂದು ತೀರ್ಮಾನಿಸಿದೆ. ನಮ್ಮಲ್ಲಿ ಹೆಂಗಸರಿಗೆ ಟೌನ್ ಬಸ್ ಉಚಿತ, ಹಾಗಾಗಿ ಗಂಡನ ಹಿಂದೆ ಹೋಗಲು ಗಂಡನನ್ನೇ ಚಿಲ್ಲರೆ ಕೇಳುವ ಪ್ರಸಂಗ ಬರಲಿಲ್ಲ. ಅವರು ಹಿಂದಿನ ಬಾಗಿಲಲ್ಲಿ ಹತ್ತಿದರು. ನಾನು ತಲೆಯ ಮೇಲೆ ಸೆರಗು ಹೊದ್ದು ಮುಂದಿನ ಬಾಗಿಲಲ್ಲಿ ಹತ್ತಿ ಹೆಂಗಸರ ಸೀಟಿನಲ್ಲಿ ಕುಗ್ಗಿ ಕುಳಿತೆ. ಎರಡು ಸ್ಟಾಪು ಕಳೆಯುವಷ್ಟರಲ್ಲಿ ಕಂಡಕ್ಟರ್ ಬಂದು ಬಗ್ಗಿ ನೋಡಿದ. ನಮ್ಮವರ ಕೈಕೆಳಗೆ ಕೆಲಸ ಕಲಿತವನು. ‘ಅಕ್ಕಾ, ಅಣ್ಣನ್ ಪಿನ್ನಾಡಿ ಇರುಕ್ಕಾರ್, ಕೂಪಿಡಟ್ಟುಮಾ?’ ಎಂದ. ಅಣ್ಣ ಹಿಂದೆ ಇದ್ದಾರೆ, ಕರೆಯಲೇ ಎಂದು ಅವನ ಉಪಕಾರ. ತುಟಿಯ ಮೇಲೆ ಬೆರಳಿಟ್ಟೆ. ಗಂಡ ಹೆಂಡತಿ ಜಗಳ ಎಂದುಕೊಂಡು ಅವನು ತಲೆಯಾಡಿಸಿ ಹೋದ.

ಯಜಮಾನರು ಇಳಿದದ್ದು ದೊಡ್ಡ ಆಸ್ಪತ್ರೆಯ ಸ್ಟಾಪಿನಲ್ಲಿ. ನಾನೂ ಹಿಂದೆಯೇ ಇಳಿದೆ. ಅವರು ಜೇಬಿನ ಕಾಗದ ತೆಗೆದು ನೋಡಿ, ಆಸ್ಪತ್ರೆಯ ಗೇಟಿನವರೆಗೂ ನಡೆದರು. ನಾನು ಮುರುಗನಿಗೆ ಮುಡಿ ಹರಕೆ ಹೊತ್ತೆ. ಆಮೇಲೆ ಅವರು ಒಳಗೆ ಹೋಗದೆ, ರಸ್ತೆ ದಾಟಿ, ಎದುರಿನ ಮೂರಂತಸ್ತಿನ ಜವಳಿ ಅಂಗಡಿಯೊಳಗೆ ಹೋದರು. ಜವಳಿ ಅಂಗಡಿ ಎಂದರೆ ಹೊರಗೆ ಚಪ್ಪಲಿ ಕಾಯುತ್ತಾ ನಿಲ್ಲುವ ಮನುಷ್ಯ.

ಒಳಗೆ ಹೋಗಿ ಪಟ್ಟೆಸೀರೆ ಉಟ್ಟ ಬೊಂಬೆಯ ಹಿಂದೆ ನಿಂತೆ. ನಮ್ಮವರು ಎಸ್ಕಲೇಟರಿನ ಬುಡದಲ್ಲಿದ್ದರು. ಪಕ್ಕದಲ್ಲಿ ಟೋಪಿ ಹಾಕಿದ ವಯಸ್ಸಾದ ವಾಚ್‌ಮನ್. ಇವರು ಬಲಗಾಲು ಎತ್ತಿದರು, ಇಳಿಸಿದರು. ಎಡಗಾಲು ಎತ್ತಿದರು, ಇಳಿಸಿದರು. ಕಾಲು ನೋಡಬೇಡಿ, ಮೇಲೆ ನೋಡಿ ಎಂದು ವಾಚ್‌ಮನ್ ತಮಿಳಿನಲ್ಲಿ ಗದರಿದ. ಕಣ್ಣು ಮುಚ್ಚಿ ಹತ್ತಿಬಿಟ್ಟರು. ಪಲ್ಲಕ್ಕಿಯಲ್ಲಿ ಕೂರಿಸಿದ ದೇವರ ಹಾಗೆ ಅಲುಗಾಡದೆ ಮೇಲೆ ಹೋಗಿ, ತುದಿಯಲ್ಲಿ ಎರಡೂ ಕಾಲು ಜೋಡಿಸಿ ನೆಗೆದು, ಮಾಮೂಲಿ ಮೆಟ್ಟಿಲಿನಲ್ಲಿ ಇಳಿದು ಬಂದು, ಮತ್ತೆ ಬುಡದಲ್ಲಿ ನಿಂತರು. ಹೀಗೆ ನಾಲ್ಕು ಸಲ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ನಗುವೋ ಅಳುವೋ, ಬೊಂಬೆಯಂತೂ ಅಲುಗಾಡಿತು. ಅದಕ್ಕೇ ಅವರು ತಿರುಗಿ ನೋಡಿದ್ದು.

‘ನೀನೇನೇ ಇಲ್ಲಿ?’

‘ಬ್ಲೌಸ್ ಪೀಸ್ ತಗಳಕ್ಕೆ ಬಂದೆ.’

‘ಸರಿ,’ ಎಂದರು.

‘ನೀವು?’

ವಾಚ್‌ಮನ್ ಮರ್ಯಾದಸ್ಥ, ದೂರ ಹೋಗಿ ನಿಂತ. ಇವರು ಕಾಗದ ತೆಗೆದು ತೋರಿಸಿದರು. ಬ್ಯಾಂಕಾಕಿನ ರೈಲು ಸ್ಟೇಷನ್ನುಗಳ ಹೆಸರು, ಬಸ್ಸಿನ ಸ್ಟೇಜು ಬರೆಯುವ ಹಾಗೆ ಸಾಲಾಗಿ ಬರೆದಿದ್ದರು. ಮಧ್ಯಾಹ್ನದ ನಾಮಜಪ ಅದು. ‘ಆ ಊರಲ್ಲಿ ರೈಲು ಮೇಲ್ಗಡೆ ಓಗ್ತೈತಂತೆ. ಅತ್ತಕ್ಕೆ ಎಲ್ಲಾ ಕಡೆ ಇದೇ ಐತೆ, ನಿಲಾ ತೋರಿಸ್ತು. ನಿನ್ನ ಮೇಲೆ ಕಳಿಸಿ ನಾನು ಕೆಳಗೆ ನಿಂತ್ಕಂಡ್ರೆ ಮರ್ವಾದೆ ಏನಾಯ್ತದೆ?’

‘ಓಡೋ ಬಸ್ಸಿಂದ ಇಳೀತಿದ್ರಿ ನೀವು.’

‘ಬಸ್ಸು ಓಡ್ತೈತೆ, ನೆಲ ಸುಮ್ಕಿರ್ತೈತೆ. ಇಲ್ಲಿ ನೆಲನೇ ಓಡ್ತೈತಲ್ಲೇ.’

‘ನಿಮ್ಗೆ ಕಾಯ್ಲೆ ಏನೂ ಇಲ್ವಲ್ಲ?’

‘ಮಂಡಿ ನೋವೈತೆ. ನಿಂಗೂ ಐತೆ.’

‘ಅದಲ್ಲ. ದೊಡ್ಡ ಕಾಯ್ಲೆ.’

‘ಯಾಕೆ, ಇರ್ಬೇಕಾಗಿತ್ತಾ?’

ಮತ್ತೆ ಇದ್ದಕ್ಕಿದ್ದಂತೆ ಈ ಪ್ರಯಾಣ ಯಾಕೆ ಎಂದು ಕೇಳಿಯೇಬಿಟ್ಟೆ. ಅವರು ಕಾಗದವನ್ನು ಮಡಿಸುತ್ತಾ ನಿಂತರು. ಮದುವೆಯಾದ ಹೊಸತರಲ್ಲಿ ತಾತ ಅಜ್ಜಿ ಎಲ್ಲಿಗೆ ಹೋಗಿದ್ದಿರಿ ಎಂದು ನಿಲಾ ಒಂದು ದಿನ ಕೇಳಿದಳಂತೆ. ‘ಮೆಟ್ಟೂರು ಡ್ಯಾಮು ಅಂತ ಯೋಳ್ದೆ. ಆಮ್ಯಾಕೆ ನೆನಪಾಯ್ತು, ಅವತ್ತು ನಾನು ಡ್ಯೂಟೀಲಿದ್ದೆ. ನಿನ್ನ ಮುಂದೆ ಕೂರಿಸಿ ಟಿಕೆಟ್ ಅರೀತಿದ್ದೆ. ಡ್ಯಾಮು ಬಂತು, ನೀನೊಬ್ಳೇ ಇಳಿದು ನೋಡ್ಕಂಡ್ ಬಂದೆ. ನಾನು ಅದೇ ಬಸ್ಸಲ್ಲಿ ವಾಪಸ್ ಬಂದೆ.’

ನನಗೂ ಮರೆತೇ ಹೋಗಿತ್ತು. ಅವತ್ತು ನೀರು ನೋಡಿ, ಮೀನು ಹುರಿಯುವ ವಾಸನೆಗೆ ಮೂಗು ಮುಚ್ಚಿಕೊಂಡು, ಮುಂದಿನ ಟ್ರಿಪ್ಪಿಗೆ ಇವರೇ ಬರುವವರೆಗೆ ಕಲ್ಲುಬೆಂಚಿನ ಮೇಲೆ ಕಾದಿದ್ದೆ. ನನಗೆ ಅದು ದುಃಖದ ವಿಷಯ ಎಂದು ಅನ್ನಿಸಿರಲಿಲ್ಲ. ಇವರಿಗೆ ಅನ್ನಿಸಿದೆ ಎಂದು ಗೊತ್ತಾದ ಮೇಲೆ ಕಣ್ಣು ತುಂಬಿತು. ವಾಚ್‌ಮನ್ ನೋಡಿದ. ಈರುಳ್ಳಿ ಎನ್ನುವಂತಿರಲಿಲ್ಲ, ಜವಳಿ ಅಂಗಡಿ.

‘ಬಾ, ನೀನೂ ಕಲಿ,’ ಎಂದು ಕೈ ಹಿಡಿದರು. ನಾನು ಕಾಲೆತ್ತಿ, ಇಳಿಸಿ, ಮತ್ತೆ ಎತ್ತಿದೆ. ಅವರು ‘ರೈಟ್’ ಎಂದರು. ಹಳೆಯ ಅಭ್ಯಾಸ, ಮೈಯೇ ಹೊರಟುಬಿಟ್ಟಿತು. ಇಬ್ಬರೂ ಅಕ್ಕಪಕ್ಕ ನಿಂತು ಮೇಲೆ ಹೋದೆವು. ಮೇಲಿನ ಮಹಡಿಯಲ್ಲಿ ಮಕ್ಕಳ ಬಟ್ಟೆ. ನಮಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಇಳಿದು, ಇನ್ನೊಂದು ಸಲ ಹತ್ತಿದೆವು.

ಆಮೇಲಿನಿಂದ ನಮ್ಮ ಮನೆಯಲ್ಲಿ ಬ್ಯಾಂಕಾಕೇ ಬ್ಯಾಂಕಾಕು. ನನಗೆ ಆ ರೈಲಿನ ಒಂಬತ್ತು ಸ್ಟೇಷನ್ನು ಬಾಯಿಗೆ ಬಂದಿದೆ. ಹಂಸದ ಟವೆಲನ್ನು ಮನೆಯಲ್ಲೇ ಮಡಿಸಲು ನೋಡಿದೆ, ಬಾತುಕೋಳಿಯಾಯಿತು. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದೇನೆ, ಈಗೀಗ ಕೆಲವರು ಬೇರೆ ರಸ್ತೆ ಹಿಡಿಯುತ್ತಾರೆ. ಇಷ್ಟು ಸಂತೋಷವನ್ನು ನಾನು ಕಿಂಚಿತ್ತೂ ಶಂಕೆಯಿಲ್ಲದೆ ಅನುಭವಿಸಬಹುದಿತ್ತು. ಒಂದೇ ಒಂದು ವಿಷಯ ಅಡ್ಡ ಬಂದಿದೆ. ಅವತ್ತು ನಾನು ಬ್ಲೌಸ್ ಪೀಸಿಗೆ ಬಂದೆ ಎಂದೆನಲ್ಲ, ಬರಿಗೈಯಲ್ಲಿ ಮನೆಗೆ ಬಂದರೂ ಬ್ಲೌಸ್ ಪೀಸ್ ಎಲ್ಲಿ ಎಂದು ಇವರು ಇವತ್ತಿನವರೆಗೆ ಕೇಳಿಲ್ಲ. ಟಿಕೆಟ್ ತೆಗೆಯದವನನ್ನು ತುಂಬಿದ ಬಸ್ಸಿನಲ್ಲಿ ಮುಖ ನೋಡಿಯೇ ಹಿಡಿಯುತ್ತಿದ್ದ ಮನುಷ್ಯ ನನ್ನ ಸುಳ್ಳನ್ನು ಅಷ್ಟು ಸಲೀಸಾಗಿ ನಂಬಿದ್ದು ಹೇಗೆ? ಐದು ದಿನ ಇಬ್ಬರೇ ಇರುತ್ತೇವಲ್ಲ, ವಿಚಾರಿಸುತ್ತೇನೆ.