ಥರ್ಮಾಮೀಟರ್ ಮೇಷ್ಟ್ರ ನೆಗಡಿ

ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಮೇಷ್ಟರು ಸೀನಿದರು. ಬೇರೆ ದಿನವಾಗಿದ್ದರೆ ಅದೊಂದು ಸೀನು, ಅಷ್ಟೇ. ಆದರೆ ಅಂದು ಅವರ ತರಗತಿ ನೋಡಲು ಪರಿವೀಕ್ಷಕರು ಬರುವವರಿದ್ದರು. ಪಾಠದ ವಿಷಯ ರುಚಿ ಮತ್ತು ವಾಸನೆ. ಪಾಠ ಹೇಳಬೇಕಾದವರ ಮೂಗು ಮಾತ್ರ ಬಾಗಿಲು ಹಾಕಿಕೊಂಡು ಕೂತಿತ್ತು.

ಮೇಷ್ಟರು ಶಾಲೆಯಲ್ಲಿ ಆಹಾರ ವಿಜ್ಞಾನ ಕಲಿಸುತ್ತಿದ್ದರು. ಮಕ್ಕಳು ಇಟ್ಟ ಹೆಸರು ಥರ್ಮಾಮೀಟರ್ ಮೇಷ್ಟ್ರು. ಹಾಲಾಗಲಿ ಹಿಟ್ಟಾಗಲಿ, ಬಿಸಿ ಎಷ್ಟೆಂದು ಅಳೆಯದೆ ಮುಂದಕ್ಕೆ ಹೋಗುವ ಜನ ಅವರಲ್ಲ. ಒಮ್ಮೆ ಹೆಂಡತಿ ತಂದುಕೊಟ್ಟ ಕಾಫಿಯಲ್ಲೂ ಥರ್ಮಾಮೀಟರ್ ಅದ್ದಿ, ಆಮೇಲೆ ಕೆಲವು ದಿನ ಕಾಫಿಯ ಮುಖವನ್ನೇ ಕಾಣದೆ ಕಳೆದಿದ್ದರು. ಇಷ್ಟೆಲ್ಲ ಶ್ರದ್ಧೆ ಇದ್ದರೂ ನೌಕರಿ ಮಾತ್ರ ತಾತ್ಕಾಲಿಕ. ರಜೆ ಬಂದರೆ ಸಂಬಳ ನಿಲ್ಲುತ್ತಿತ್ತು, ರಜೆ ಮುಗಿಯುತ್ತ ಬಂದರೆ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ಈ ಸಲ ಮುಖ್ಯೋಪಾಧ್ಯಾಯಿನಿಯೇ ಕರೆದು ಹೇಳಿದ್ದರು: “ನೋಡಿ ಮೇಷ್ಟ್ರೇ, ಪರಿವೀಕ್ಷಕರು ಬರೋದೇ ನಿಮ್ಮ ಹುದ್ದೆ ಕಾಯಂ ಮಾಡ್ಬೇಕಾ ಬೇಡ್ವಾ ಅಂತ ನೋಡೋಕೆ. ಪುಸ್ತಕ ಓದಿ ಹೇಳೋ ಪಾಠ ಅವರಿಗೆ ಆಗಲ್ಲ. ಮಕ್ಕಳು ಆಕಳಿಸಿದ್ರೋ, ನಿಮ್ಮ ಕತೆ ಮುಗೀತು.”

ಆಕಳಿಕೆಗೆ ಆಸ್ಪದವೇ ಇಲ್ಲದ ಪಾಠವನ್ನು ಮೇಷ್ಟರು ಯೋಚಿಸಿಟ್ಟಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿ, ಮೂಗು ಹಿಡಿಸಿ, ಬಾಯಿಗೆ ಸೇಬಿನ ಚೂರನ್ನೋ ಈರುಳ್ಳಿಯ ಚೂರನ್ನೋ ಹಾಕುವುದು. ಮೂಗು ಮುಚ್ಚಿದ್ದರೆ ಯಾವುದು ಯಾವುದೆಂದು ಹೇಳಲು ತಿಣುಕಬೇಕು, ಬಿಟ್ಟ ಕೂಡಲೇ ಗುಟ್ಟು ರಟ್ಟು. ನಾವು ರುಚಿ ಎಂದುಕೊಳ್ಳುವುದರಲ್ಲಿ ಬಹುಪಾಲು ವಾಸನೆಯೇ ಎಂಬುದು ಮಕ್ಕಳಿಗೆ ತಿಂದು ತಿಂದೇ ತಿಳಿಯಬೇಕು.

ಆದರೆ ತೊಡಕೊಂದಿತ್ತು. ಶಾಲೆಯ ಪ್ರಯೋಗದ ಅಡುಗೆಕೋಣೆಯ ಬಾಗಿಲ ಮೇಲೆ ಮೇಷ್ಟರೇ ದಪ್ಪ ಅಕ್ಷರದಲ್ಲಿ ಬರೆಸಿದ್ದರು: ‘ನೆಗಡಿ ಇದ್ದವರಿಗೆ ಪ್ರವೇಶವಿಲ್ಲ.’ ಹಿಂದಿನ ವರ್ಷ ಹೊಸ್ತಿಲಲ್ಲಿ ಸೀನಿದ ತಪ್ಪಿಗೆ ಮುಖ್ಯೋಪಾಧ್ಯಾಯಿನಿಯನ್ನೇ ಮಕ್ಕಳ ಎದುರು ವಾಪಸು ಕಳಿಸಿದ್ದರು. ಅಂದಿನಿಂದ ಆಕೆ ಮೇಷ್ಟರ ಮೂಗಿನ ಮೇಲೆ ಒಂದು ಕಣ್ಣು ಇಟ್ಟೇ ಇದ್ದರು.

“ರಜೆ ಹಾಕ್ಬಿಡಿ,” ಎಂದಳು ಹೆಂಡತಿ.

“ಇವತ್ತು ರಜೆ ಹಾಕಿದ್ರೆ ಜೀವನಪೂರ್ತಿ ರಜೆನೇ,” ಎಂದರು ಮೇಷ್ಟರು.

ಅವಳು ಕುದಿಯುವ ನೀರಿಟ್ಟು ತಲೆಯ ಮೇಲೆ ಟವೆಲ್ ಹೊದಿಸಿ ಹಬೆಗೆ ಕೂರಿಸಿದಳು. ಮುಖ ಟೊಮೆಟೊ ಹಣ್ಣಾಯಿತು, ಮೂಗು ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಅಷ್ಟರಲ್ಲಿ ಸೀನಿನ ಸದ್ದು ಕೇಳಿ ಎದುರು ಮನೆಯ ನಿವೃತ್ತ ಕಾಂಪೌಂಡರು ಡಬ್ಬಿ ಹಿಡಿದು ಬಂದೇಬಿಟ್ಟರು. ಊರಿಗೆಲ್ಲ ಪುಕ್ಕಟೆ ಔಷಧಿ ಹಂಚುವುದು ಅವರ ಚಟ.

“ನಾನೇ ಕಲಸಿದ ಮುಲಾಮು. ಅಂಗಡಿಯಲ್ಲಿ ಸಿಗೋಂಥದ್ದಲ್ಲ,” ಎಂದು ಮೂಗಿಗೂ ಹಣೆಗೂ ಬಳಿದರು. “ಉರೀತಿದೆಯಾ?”

“ಉರೀತಿದೆ.”

“ವಾಸನೆ ಬರ್ತಿದೆಯಾ?”

“ಇಲ್ಲ.”

“ಹಾಗಾದ್ರೆ ಸಾಲ್ದು.” ಕುತ್ತಿಗೆಗೆ ಬಳಿದರು. “ಈಗ?”

“ಇಲ್ಲ.”

ಎದೆಗೆ, ಬೆನ್ನಿಗೆ, ಕಿವಿಯ ಹಿಂದೆಮುಂದೆ. ಹೆಂಡತಿ ಸೆರಗು ಮೂಗಿಗೊತ್ತಿಕೊಂಡು ಕಿಟಕಿಯ ಕಡೆ ಸರಿದಳು. ಮೇಷ್ಟರಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಡಬ್ಬಿ ಖಾಲಿಯಾಯಿತೆಂದು ಕಾಂಪೌಂಡರು ನಿಲ್ಲಿಸಬೇಕಾಯಿತು.

ಬಸ್ಸಿನಲ್ಲಿ ಮೇಷ್ಟರು ಕೂತ ಕೂಡಲೇ ಪಕ್ಕದವರು ಎದ್ದು ಹೋದರು. ಹಿಂದಿನ ಸೀಟೂ ಖಾಲಿಯಾಯಿತು. ಈ ಕಾಲದಲ್ಲೂ ಜನ ಮೇಷ್ಟರಿಗೆ ಇಷ್ಟು ಮರ್ಯಾದೆ ಕೊಡುತ್ತಾರಲ್ಲ ಎಂದು ಅವರಿಗೆ ಮನಸ್ಸು ತುಂಬಿ ಬಂತು. ಇದು ಶುಭಸೂಚನೆಯೇ ಸರಿ ಎಂದುಕೊಂಡರು.

ಶಾಲೆಯ ಮೆಟ್ಟಿಲಲ್ಲೇ ಮುಖ್ಯೋಪಾಧ್ಯಾಯಿನಿ ಎದುರಾದರು. ಮೂಗು ಅರಳಿಸಿ ಒಂದು ಸಲ ಎಳೆದುಕೊಂಡರು.

“ಏನ್ ಮೇಷ್ಟ್ರೇ, ಮುಲಾಮಿನ ಘಾಟು ಗೇಟಿನ ತನಕ ಹೊಡೀತಿದೆ! ನೆಗಡಿನಾ?”

“ಛೇ ಛೇ, ಮಂಡಿನೋವು ಮೇಡಂ.”

“ಮತ್ತೆ ಧ್ವನಿ ಯಾಕೆ ಹೀಗಿದೆ?”

“ರಾತ್ರಿಯೆಲ್ಲ ಮಂಡಿ ಹಿಡ್ಕೊಂಡು ನರಳಿ ನರಳಿ ಗಂಟಲು ಕೂತಿದೆ.”

ಹೇಳಿದ ಮೇಲೆ ಕುಂಟದೆ ವಿಧಿಯಿಲ್ಲ. ಮೇಷ್ಟರು ಕುಂಟುತ್ತ ವರಾಂಡ ದಾಟುವುದರೊಳಗೆ ವ್ಯಾಯಾಮದ ಮೇಷ್ಟರಿಗೆ ಸುದ್ದಿ ಮುಟ್ಟಿತ್ತು. ಆಸಾಮಿ ಹಿಂದೆ ಪೈಲ್ವಾನ್, ಯಾರಿಗಾದರೂ ಉಳುಕಿದೆ ಎಂದರೆ ಸಾಕು, ಮುಖ ಅರಳುತ್ತಿತ್ತು. “ಮಂಡಿ ತಾನೇ? ನನಗೆ ಬಿಡಿ!” ಎಂದು ಮೇಷ್ಟರನ್ನು ಬೆಂಚಿನ ಮೇಲೆ ಕೆಡವಿ, ಬೇಡ ಬೇಡ ಎನ್ನುತ್ತಿದ್ದಂತೆಯೇ ಕಾಲು ಹಿಡಿದು ತಿರುವಿದರು. ಕಟಕ್ ಎಂದಿತು. ಮೇಷ್ಟರು ಎದ್ದು ನಿಂತಾಗ ಕುಂಟುವುದಕ್ಕೆ ನಟನೆಯೇ ಬೇಕಾಗಲಿಲ್ಲ.

ಅಡುಗೆಕೋಣೆಯಲ್ಲಿ ಮಕ್ಕಳು ಸ್ಟೂಲುಗಳ ಮೇಲೆ ಕಾಯುತ್ತಿದ್ದರು. ತಟ್ಟೆಗಳಲ್ಲಿ ಸಿಪ್ಪೆ ತೆಗೆದು ಒಂದೇ ಅಳತೆಗೆ ಕತ್ತರಿಸಿದ ಸೇಬು, ಈರುಳ್ಳಿ, ಆಲೂಗಡ್ಡೆಯ ಚೂರುಗಳು. ಪರಿವೀಕ್ಷಕರು ಕತ್ತಿನ ತನಕ ಗುಂಡಿ ಹಾಕಿಕೊಂಡ ಸಣಕಲು ಮನುಷ್ಯ. ನಕ್ಕರೆ ಸಂಬಳ ಕಡಿತವಾಗುತ್ತದೆ ಎನ್ನುವಂಥ ಮುಖ. ಮುಂದಿನ ಸಾಲಿನಲ್ಲಿ ಕೂತಿದ್ದ ಅವರು, ಮೇಷ್ಟರು ಹತ್ತಿರ ಬಂದೊಡನೆ ಕರವಸ್ತ್ರ ತೆಗೆದರು. ಮುಖ್ಯೋಪಾಧ್ಯಾಯಿನಿ ಅವರ ಪಕ್ಕದಲ್ಲೇ ಕೂತು, ಮಂಡಿನೋವಿನ ಸುದ್ದಿಯನ್ನು ಅವರ ಕಿವಿಗೆ ಹಾಕಿ, ಮೇಷ್ಟರ ಮೂಗನ್ನೇ ನೋಡತೊಡಗಿದರು.

ಮೇಷ್ಟರು ಒಬ್ಬನನ್ನು ಕರೆದು ಕಣ್ಣು ಕಟ್ಟಿದರು. ಮೂಗು ಹಿಡಿಸಿ ಬಾಯಿಗೆ ಸೇಬು ಹಾಕಿದರು.

“ಏನಿದು?”

“ಗೊತ್ತಾಗ್ತಿಲ್ಲ ಸಾರ್.”

“ಭೇಷ್!” ಮೇಷ್ಟರು ಪರಿವೀಕ್ಷಕರ ಕಡೆ ಹೆಮ್ಮೆಯಿಂದ ನೋಡಿದರು. “ಈಗ ಮೂಗು ಬಿಡು. ಏನಿದು?”

“ಮುಲಾಮು ಸಾರ್.”

ತರಗತಿ ಕಿಸಕ್ಕೆಂದಿತು. ಎರಡನೆಯವನಿಗೆ ಈರುಳ್ಳಿಯೂ ಮುಲಾಮು, ಮೂರನೆಯವಳಿಗೆ ಆಲೂಗಡ್ಡೆಯೂ ಮುಲಾಮು. ಮುಲಾಮು ಬಳಿದದ್ದು ತಮ್ಮ ಮೈಗೆ, ತಟ್ಟೆಗಲ್ಲವಲ್ಲ, ಮಕ್ಕಳೆಲ್ಲ ಮಾತಾಡಿಕೊಂಡು ಕುತಂತ್ರ ಮಾಡಿದ್ದಾರೆಂದು ಮೇಷ್ಟರಿಗೆ ಬೆವರೊಡೆಯಿತು. ಪರಿವೀಕ್ಷಕರು ತಾವೇ ಎದ್ದು ಬಂದು ಕಣ್ಣು ಕಟ್ಟಿಸಿಕೊಂಡರು. ಮೂಗು ಬಿಟ್ಟು, ಅಗಿದು, ಬಹಳ ಹೊತ್ತು ಯೋಚಿಸಿ, “ಸೇಬು ಇರಬಹುದು. ಆದ್ರೆ ಮಂಡಿಗೆ ಹಚ್ಚಿದ ಸೇಬು,” ಎಂದರು. ಮೇಷ್ಟರು ತಟ್ಟೆಯನ್ನೆತ್ತಿ ಮೂಸಿದರು. ಅವರ ಪಾಲಿಗೆ ಅದು ಖಾಲಿ ತಟ್ಟೆಯಷ್ಟೇ ನಿರ್ದೋಷಿಯಾಗಿತ್ತು.

ಮೊದಲ ಸಾಲಿನಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು. ಮಾತೆತ್ತಿದರೆ ‘ಯಾಕೆ ಸಾರ್’ ಎನ್ನುತ್ತಿದ್ದುದರಿಂದ ಅವಳಿಗೆ ಅದೇ ಹೆಸರು ಬಿದ್ದಿತ್ತು.

“ನೀವ್ಯಾಕೆ ಸಾರ್ ತಿಂದು ತೋರಿಸ್ಬಾರ್ದು? ಮೂಗು ಹಿಡ್ಕೊಳ್ದೇನೇ?”

“ಹೌದು, ಅದೂ ಒಂದು ಆಗಲಿ,” ಎಂದರು ಪರಿವೀಕ್ಷಕರು.

ಆಗುವುದಿಲ್ಲ ಎನ್ನುವ ಹಾಗಿರಲಿಲ್ಲ. ಮೇಷ್ಟರು ಸ್ಟೂಲಿನ ಮೇಲೆ ಕೂತರು, ಹುಡುಗಿ ಕಣ್ಣು ಕಟ್ಟಿದಳು. ಬಾಯಿಗೆ ಬಂದದ್ದು ಗರಿಗರಿಯಾಗಿತ್ತು, ಸ್ವಲ್ಪ ಸಿಹಿ ಇತ್ತು, ನಾಲಿಗೆ ಚುರುಗುಟ್ಟಿತು. ಹುಳಿ ಸೇಬಿರಬೇಕೆಂದು ಲೆಕ್ಕ ಹಾಕಿ, ಇನ್ನೂ ಒಂದು ಚೂರು ಇಸಕೊಂಡು, ತಲೆದೂಗುತ್ತ ಅಗಿದರು.

“ಸೇಬು. ಒಳ್ಳೆ ತಾಜಾ ಸೇಬು. ಇದ್ರಲ್ಲಿ ಅನುಮಾನವೇ ಇಲ್ಲ.”

ಕಟ್ಟಿದ ಬಟ್ಟೆಯ ಕೆಳಗಿಂದ ಅವರ ಕೆನ್ನೆಯ ಮೇಲೆ ನೀರು ಧಾರೆಧಾರೆಯಾಗಿ ಇಳಿಯುತ್ತಿತ್ತು. ತರಗತಿ ಹೋ ಎಂದು ನಕ್ಕಿತು.

“ಅದು ಈರುಳ್ಳಿ ಸಾರ್!” ಹುಡುಗಿ ನಗಲಿಲ್ಲ, ಹುಬ್ಬು ಗಂಟಿಕ್ಕಿ ಯೋಚಿಸಿದಳು. “ಮೂಗು ಹಿಡ್ಕೊಂಡಿರ್ಲಿಲ್ಲ, ಆದ್ರೂ ಗೊತ್ತಾಗ್ಲಿಲ್ಲ. ಅಂದ್ರೆ ಒಳಗಿಂದ್ಲೇ ಮುಚ್ಚಿಕೊಂಡಿದೆ. ಅದಕ್ಕೇ ಮುಲಾಮಿನ ವಾಸನೆನೂ ಅವರಿಗೆ ಬಡೀತಿಲ್ಲ. ಸಾರ್‌ಗೆ ನೆಗಡಿ!”

ಆಮೇಲೆ ತರಗತಿಯನ್ನು ಹಿಡಿಯುವವರೇ ಇರಲಿಲ್ಲ. ಅದಕ್ಕೇ ಜ್ವರ ಬಂದಾಗ ಏನು ತಿಂದರೂ ಸಪ್ಪೆ ಎಂದು ಒಬ್ಬ ಕೂಗಿದ. ನಮ್ಮ ತಾತನಿಗೆ ವಾಸನೆಯೇ ಹತ್ತುವುದಿಲ್ಲ, ಎಲ್ಲಕ್ಕೂ ಉಪ್ಪು ಸುರಿದುಕೊಳ್ಳುತ್ತಾರೆ ಎಂದು ಇನ್ನೊಬ್ಬಳು. ಹಾಗಾದರೆ ಉಪ್ಪು ನಾಲಿಗೆಗೆ ಸೇರಿದ್ದು, ಮೂಗಿಗಲ್ಲ ಎಂದು ಮತ್ತೊಬ್ಬ. ಯಾರೋ ಬೋರ್ಡಿನ ಮೇಲೆ ನಾಲಿಗೆಯ ಕೆಲಸ ಒಂದು ಕಡೆ, ಮೂಗಿನ ಕೆಲಸ ಒಂದು ಕಡೆ ಬರೆಯತೊಡಗಿದರು. ಮೇಷ್ಟರು ಕಣ್ಣಿನ ಬಟ್ಟೆ ಬಿಚ್ಚಲೂ ಮರೆತು ಕೂತಿದ್ದರು. ಏನೋ ಹೇಳಲು ಬಾಯಿ ತೆರೆದರು, ಸೀನು ಬಂತು.

ಮುಖ್ಯೋಪಾಧ್ಯಾಯಿನಿ ಇಷ್ಟು ದಿನ ಕಾದದ್ದು ಈ ಗಳಿಗೆಗೇ. ಎದ್ದು ನಿಂತು ಬಾಗಿಲಿನ ಕಡೆ ಬೆರಳು ತೋರಿಸಿದರು. “ಮೇಷ್ಟ್ರೇ, ಆಚೆ ನಡೀರಿ! ನಿಯಮ ನಿಮ್ಮದೇ!”

“ಸುಮ್ನಿರಿ ಮೇಡಂ!” ಎಂದರು ಪರಿವೀಕ್ಷಕರು. ಅವರ ಕಣ್ಣು ಹೊಳೆಯುತ್ತಿತ್ತು. “ನಿಮಗೆ ಅರ್ಥ ಆಗ್ಲಿಲ್ವಾ? ತಮ್ಮ ನೆಗಡಿಯನ್ನೇ ಪಾಠೋಪಕರಣ ಮಾಡ್ಕೊಂಡಿದ್ದಾರೆ! ಮುಲಾಮು ಬಳ್ಕೊಂಡು ಮಕ್ಕಳಿಗೆ ಸುಳಿವು ಕೊಟ್ರು, ಕುಂಟಿ ದಾರಿ ತಪ್ಪಿಸಿದ್ರು, ಕೊನೆಗೆ ಈರುಳ್ಳಿ ತಿಂದು ಅವರ ಬಾಯಿಂದಲೇ ಉತ್ತರ ಹೊರಡಿಸಿದ್ರು. ಇಷ್ಟು ವರ್ಷದಲ್ಲಿ ಇಂಥ ಪಾಠ ನೋಡಿಲ್ಲ!”

ಮೇಷ್ಟರು ಬಟ್ಟೆ ಬಿಚ್ಚಿ ಕಣ್ಣೊರೆಸಿಕೊಂಡರು. ಅಲ್ಲ ಎನ್ನುವಷ್ಟು ಪ್ರಾಮಾಣಿಕತೆ ಅವರಲ್ಲಿ ಮಾಮೂಲಾಗಿ ಇತ್ತು, ಆ ಕ್ಷಣ ಇರಲಿಲ್ಲ. ವಿನಯದಿಂದ ತಲೆ ತಗ್ಗಿಸಿದರು.

ಸಂಜೆ ಕಚೇರಿಗೆ ಕರೆ ಬಂತು. ಮೇಷ್ಟರಿಗೆ ಕುರ್ಚಿ ಹಾಕಿಸಿ, ಬಿಸ್ಕತ್ತು ಮುಂದೆ ತಳ್ಳಿ, ಪರಿವೀಕ್ಷಕರೇ ಶುರುಮಾಡಿದರು.

“ಮೇಷ್ಟ್ರೇ, ನಾನು ಗಮನಿಸಿದ್ದೇನು ಗೊತ್ತಾ? ಮಕ್ಕಳು ಕಲಿತದ್ದೆಲ್ಲ ನೀವು ಬಾಯಿ ಮುಚ್ಚಿದ ಮೇಲೆ. ಅವರೇ ಕೇಳ್ಕೊಂಡ್ರು, ಅವರೇ ಹೇಳ್ಕೊಂಡ್ರು, ಅವರೇ ಬರ್ಕೊಂಡ್ರು. ಮೇಷ್ಟ್ರೇ ಬೇಕಾಗದ ಪಾಠ! ನಾವೆಲ್ಲ ಹುಡುಕ್ತಾ ಇರೋದು ಇದನ್ನೇ.”

“ಎಲ್ಲ ತಮ್ಮ ಆಶೀರ್ವಾದ,” ಎಂದರು ಮೇಷ್ಟರು. ಒಂದು ಬಿಸ್ಕತ್ತು ಕೈಗೆತ್ತಿಕೊಂಡರು. ಇಷ್ಟು ಸಂತೋಷ ಅವರಿಗೆ ಮದುವೆಯ ದಿನವೂ ಆಗಿರಲಿಲ್ಲ.

“ಅದಕ್ಕೇ ಈ ಹುದ್ದೆ ಕಾಯಂ ಮಾಡೋ ಅಗತ್ಯ ಇಲ್ಲ ಅಂತ ಹೇಳಿದ್ದೀನಿ. ಮಕ್ಕಳು ಇಷ್ಟು ಚೆನ್ನಾಗಿ ತಾವೇ ಕಲೀತಿರುವಾಗ ಮೇಷ್ಟ್ರು ದಂಡ.”

ಬಿಸ್ಕತ್ತು ಮುರಿದು ಮಡಿಲಿಗೆ ಬಿತ್ತು. “ಮತ್ತೆ… ನಾನು?”

“ನಿಮ್ಮನ್ನ ಬಿಡ್ತೀವಾ? ಉಳಿದ ತರಗತಿಗಳಿಗೆಲ್ಲ ಇದೇ ಪಾಠ ನೀವೇ ಮಾಡ್ಬೇಕು. ನಿಮ್ಮ ನೆಗಡಿ ಇರೋ ತನಕ ಕೆಲಸದಲ್ಲಿ ಇಟ್ಕೊಳ್ಳಿ ಅಂತ ಮೇಡಂಗೆ ಹೇಳಿದ್ದೀನಿ. ನಟನೆ ಮಾತ್ರ ಬೇಡ. ಆ ಹುಡುಗಿ ಥರದವರು ಕ್ಷಣದಲ್ಲಿ ಕಂಡುಹಿಡೀತಾರೆ.”

“ಆರೋಗ್ಯ ನೋಡ್ಕೊಳ್ಳಿ ಮೇಷ್ಟ್ರೇ,” ಎಂದು ಮುಖ್ಯೋಪಾಧ್ಯಾಯಿನಿ ಸಿಹಿಯಾಗಿ ನಕ್ಕರು.

ಮೇಷ್ಟರು ಬಸ್ಸು ಹತ್ತಲಿಲ್ಲ. ತಣ್ಣನೆಯ ಗಾಳಿ ಬೀಸುವ ದಾರಿ ಹುಡುಕಿ ಕುಂಟುತ್ತ ನಡೆದರು. ದುಃಖವಾಗಿತ್ತು, ಅವಮಾನವೂ ಆಗಿತ್ತು. ಆದರೂ ಈ ನೆಗಡಿಯನ್ನು ಜೋಪಾನ ಮಾಡಿದರೆ ಪರೀಕ್ಷೆಯ ತನಕವಾದರೂ ಸಂಬಳ ಬರುತ್ತದೆ ಎಂದು ಸಮಾಧಾನ ಹೇಳಿಕೊಂಡರು. ಅವರಿಗೆ ಗೊತ್ತಿಲ್ಲದ್ದು ಒಂದೇ. ತಿಂದ ಈರುಳ್ಳಿ ತನ್ನ ಕೆಲಸವನ್ನು ಆಗಲೇ ಶುರುಮಾಡಿತ್ತು. ಮಧ್ಯಾಹ್ನದಿಂದ ಮೂಗು ಸುರಿದು ಸುರಿದು ಕರವಸ್ತ್ರ ಹಿಂಡುವ ಹಾಗಾಗಿತ್ತು, ಕಟ್ಟಿದ್ದ ಮೂಗು ಒಳಗೊಳಗೇ ತೆರೆದುಕೊಳ್ಳುತ್ತಿತ್ತು.

ಮನೆಯ ಜಗಲಿ ಹತ್ತಿ ಚಪ್ಪಲಿ ಬಿಡುತ್ತ, ಅಭ್ಯಾಸಬಲದಿಂದ ಕೂಗಿದರು: “ಲೇ, ಹಾಲು ಸೀಯ್ತಾ ಇದೆ ನೋಡು!”

ಹೆಂಡತಿ ಓಡಿ ಹೋಗಿ ಒಲೆ ಆರಿಸಿ, ಅಷ್ಟೇ ವೇಗದಲ್ಲಿ ಹೊರಗೆ ಬಂದಳು. ಮುಖ ಸಂತೋಷದಿಂದ ಅರಳಿತ್ತು.

“ನಿಮಗೆ ವಾಸನೆ ಬಂತಾ? ಅಂದ್ರೆ ನೆಗಡಿ ಹೋಯ್ತಾ?”

ಮೇಷ್ಟರು ಇನ್ನೊಂದು ಕಾಲಿನ ಚಪ್ಪಲಿ ಬಿಡದೆಯೇ ಜಗಲಿಯ ಮೇಲೆ ಕೂತುಬಿಟ್ಟರು.

“ಹೋಯ್ತು ಕಣೇ,” ಎಂದರು. “ಕೆಲಸವೂ ಹೋಯ್ತು.”