ಟಿಕೆಟ್ ಕೊಂಡವರು ನಿಂತು ನೋಡಿ

ಟಿಕೆಟ್ ಪುಸ್ತಕ ಹಿಡಿದು ಬಾಗಿಲಲ್ಲಿ ಕೂತವನು ಮನುಷ್ಯರ ನಿಜರೂಪ ಕಾಣಲು ಎಲ್ಲಿಗೂ ಹೋಗಬೇಕಾಗಿಲ್ಲ; ಅವರೇ ಒಬ್ಬೊಬ್ಬರಾಗಿ ಬಂದು ತೋರಿಸಿ ಹೋಗುತ್ತಾರೆ. ಐವತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಒಂದು ಬಟ್ಟೆ ಗಿರಣಿಯಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಮ್ಯಾನೇಜರಿಗೆ ಫುಟ್‌ಬಾಲ್ ಹುಚ್ಚು. ಊರಿನ ಫುಟ್‌ಬಾಲ್ ಕಮಿಟಿಗೂ ಅವರೇ ಕಾರ್ಯದರ್ಶಿ. ಒಂದು ಶನಿವಾರ ನನ್ನನ್ನು ಕರೆದು, "ನಿನ್ನ ಅಕ್ಷರ ದುಂಡಗೈತೆ. ನಾಳೆಯಿಂದ ಟಿಕೆಟ್ ಕೊಡಾಕೆ ಕೂಡು" ಅಂದರು. ಟಿಕೆಟ್ ಹರಿಯುವುದಕ್ಕೆ ದುಂಡಗಿನ ಅಕ್ಷರ ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕೇಳದ ತಪ್ಪಿಗೆ ಏಳೆಂಟು ವರ್ಷದ ಭಾನುವಾರಗಳು ಆ ಬಾಗಿಲಲ್ಲೇ ಮಣ್ಣುಪಾಲಾದವು.

ಕುರ್ಚಿ

ನಮ್ಮಲ್ಲಿ ಕುರ್ಚಿಗೆ ಎಂಟಾಣೆ, ಬೆಂಚಿಗೆ ನಾಲ್ಕಾಣೆ, ನೆಲಕ್ಕೆ ಎರಡಾಣೆ. ಕುರ್ಚಿಯ ಟಿಕೆಟ್ಟನ್ನು ದುಡ್ಡು ಕೊಟ್ಟು ಕೊಳ್ಳುವ ಗಂಡಸು ಊರಿನಲ್ಲಿ ಒಬ್ಬರೇ ಇದ್ದರು, ಹಳೇಪೇಟೆಯ ಒಬ್ಬ ದರ್ಜಿ ಸಾಬರು. ಆಟವಿದ್ದ ದಿನ ಮಧ್ಯಾಹ್ನವೇ ಅಂಗಡಿ ಬಾಗಿಲು ಹಾಕಿಕೊಂಡು, ಇಸ್ತ್ರಿ ಮಾಡಿದ ಶೇರವಾನಿ ತೊಟ್ಟು, ಎಲ್ಲರಿಗಿಂತ ಮೊದಲು ಬರುತ್ತಿದ್ದರು. ಎಂಟಾಣೆಯನ್ನು ಮೇಜಿನ ಮೇಲೆ ಸದ್ದಾಗುವಂತೆ ಇಟ್ಟು, "ಕುರ್ಚಿ" ಅನ್ನುತ್ತಿದ್ದರು. ಆ ಒಂದು ಮಾತಿನಲ್ಲಿ ಅವರ ವಾರದ ಸುಖವೆಲ್ಲ ಇರುತ್ತಿತ್ತು.

ಒಂದು ಫೈನಲ್ ದಿನ ಬಿಟ್ಟಿ ಪಾಸಿನವರು ದಂಡೆತ್ತಿ ಬಂದರು. ಅಮಲ್ದಾರರ ಕಡೆಯವರು, ಪುರಸಭೆ ಸದಸ್ಯರ ಕಡೆಯವರು, ಆ ಕಡೆಯವರ ಕಡೆಯವರು. ಕುರ್ಚಿಗಳೆಲ್ಲ ತುಂಬಿದ ಮೇಲೆ ಒಬ್ಬ ಅಧಿಕಾರಿಯ ಭಾವಮೈದುನ ಬಂದ. ಮ್ಯಾನೇಜರು ಸುತ್ತ ನೋಡಿ ನನ್ನ ಕಿವಿಯಲ್ಲಿ ಹೇಳಿದರು: "ಆ ದರ್ಜೀನ ಎಬ್ಬಿಸು."

ನಾನು ಹೋದೆ. ಆ ದಿನ ಯಾಕೆ ಹೋದೆನೋ ಎಂದು ಈಗಲೂ ಅನ್ನಿಸುತ್ತದೆ. "ಸಾಬ್, ಸ್ವಲ್ಪ ಆ ಕಡೆ ನಿಂತ್ಕೊಳ್ರಿ, ದೊಡ್ಡೋರು ಬಂದಾರೆ" ಅಂದೆ.

ಅವರು ಕೈಯಲ್ಲಿದ್ದ ಟಿಕೆಟ್ಟನ್ನು ಒಮ್ಮೆ ನೋಡಿದರು, ಭಾವಮೈದುನನ ಕೈಯಲ್ಲಿದ್ದ ಪಾಸನ್ನು ಒಮ್ಮೆ ನೋಡಿದರು. ಶೇರವಾನಿ ಕೊಡವಿಕೊಂಡು ಎದ್ದರು. ಆಟ ಮುಗಿಯುವವರೆಗೂ ಕಂಬಕ್ಕೆ ಒರಗಿ ನಿಂತೇ ನೋಡಿದರು. ಹೋಗುವಾಗ ನನ್ನ ಮೇಜಿನ ಹತ್ತಿರ ಬಂದು, ಮೆಲ್ಲಗೆ ಹೇಳಿದರು:

"ಭಾಯಿ, ಬರೋ ವರ್ಷ ನನಗೆ ಟಿಕೆಟ್ ಬ್ಯಾಡ, ಪಾಸೇ ಕೊಡ್ರಿ. ಬೇಕಾದ್ರೆ ಒಂದು ರೂಪಾಯಿ ಕೊಡ್ತೀನಿ."

ಮಹಡಿ

ಮೈದಾನದ ಸುತ್ತ ಗೋಣಿತಟ್ಟು ಕಟ್ಟಿ ಮರೆ ಮಾಡುತ್ತಿದ್ದೆವು. ಪಕ್ಕದಲ್ಲೇ ಒಬ್ಬ ಎಣ್ಣೆ ವ್ಯಾಪಾರಿಯ ಮಹಡಿ ಮನೆ. ಒಂದು ವರ್ಷ ನೆಲದ ಟಿಕೆಟ್ ಖರ್ಚಾಗುವುದೇ ನಿಂತುಹೋಯಿತು. ತಲೆಯೆತ್ತಿ ನೋಡಿದರೆ ಆ ಮಹಡಿಯ ಮೇಲೆ ಜಾತ್ರೆ. ವಿಚಾರಿಸಿದಾಗ ತಿಳಿಯಿತು: ತಲೆಗೆ ಒಂದಾಣೆ, ಮೇಲೆ ಮಂಡಕ್ಕಿ, ಮೆಣಸಿನಕಾಯಿಯ ಏರ್ಪಾಡು ಬೇರೆ.

ಮೊದಲು ಗೋಣಿತಟ್ಟು ಎತ್ತರಿಸಿದೆವು. ಗಾಳಿಗೆ ಅದು ಹಾಯಿಯಂತೆ ಉಬ್ಬಿ, ಕಂಬ ಸಮೇತ ಬಂದು ಲೈನ್ಸ್‌ಮನ್ ಮೇಲೆ ಬಿತ್ತು. ಆಮೇಲೆ ಜಗಳ ಮಾಡುವುದೆಂದು ಮ್ಯಾನೇಜರೂ ನಾನೂ ಇನ್ನಿಬ್ಬರು ಕಮಿಟಿಯವರೂ ಆ ಮನೆಗೆ ನುಗ್ಗಿದೆವು.

"ಏನ್ರೀ ಇದು, ನಮ್ಮ ಆಟ ತೋರ್ಸಿ ನೀವು ರೊಕ್ಕ ಮಾಡ್ತೀರಾ?" ಎಂದು ಮ್ಯಾನೇಜರು ಗುಡುಗಿದರು.

ವ್ಯಾಪಾರಿ ತಣ್ಣಗೆ ಹೇಳಿದ: "ನನ್ನ ಮಹಡಿ ಮುಂದೆ ಆಡ್ರಿ ಅಂತ ನಾನೇನು ನಿಮ್ಮನ್ನ ಕರೆದಿದ್ನಾ? ನೀವು ಬರೋಕಿಂತ ಮುಂಚಿಂದ ಐತೆ ಈ ಮನೆ. ಬೇಕಾದ್ರೆ ಮೇಲೆ ಹೋಗಿ ನೋಡ್ರಿ."

ಮೇಲೆ ಹೋದೆವು. ಮೊದಲ ಸಾಲಿನಲ್ಲಿ ಮಂಡಕ್ಕಿ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದವರು ನಮ್ಮ ಕಮಿಟಿಯ ಅಧ್ಯಕ್ಷರು. ನಮ್ಮನ್ನು ನೋಡಿ ಗಾಬರಿಯೇನೂ ಆಗಲಿಲ್ಲ. "ಗಲಾಟೆ ಮಾಡಬ್ಯಾಡ್ರಿ, ಪೆನಾಲ್ಟಿ ಕೊಟ್ಟಾರೆ. ಕೂಡ್ರಿ, ಕೂಡ್ರಿ" ಅಂದರು.

ಕೂತೆವು. ನಿಜ ಹೇಳಬೇಕೆಂದರೆ, ಆಟ ಅಲ್ಲಿಂದಲೇ ಚೆನ್ನಾಗಿ ಕಾಣುತ್ತಿತ್ತು. ಪೆನಾಲ್ಟಿ ಮುಗಿದ ಮೇಲೆ ವ್ಯಾಪಾರಿ ಬಂದು ನಾಲ್ಕೂ ಜನರ ಹತ್ತಿರ ಒಂದೊಂದಾಣೆ ಇಸಿದುಕೊಂಡು ಹೋದ.

ಜನಸಾಗರ

ಊರಿಗೆ ಸರ್ಕಸ್ ಬಂದಿದ್ದ ವಾರವೇ ನಮ್ಮ ಪಂದ್ಯವೂ ಬಿತ್ತು. ಬಿಟ್ಟಿ ಪಾಸಿನವರೂ ಬರಲಿಲ್ಲ ಅಂದಮೇಲೆ ನಮ್ಮ ಗತಿ ಏನೆಂದು ನೀವೇ ಊಹಿಸಿಕೊಳ್ಳಿ. ಆಟ ಶುರುವಾಗುವ ಹೊತ್ತಿಗೆ ಲೋಕಿಕೆರೆಯ ಒಬ್ಬ ರೈತ ತಲೆಗೆ ಟವೆಲ್ ಸುತ್ತಿಕೊಂಡು ಬಂದ.

"ಒಳಗೆ ನೆರಳೈತೇನ್ರಿ?"

"ಬೇವಿನ ಮರದ ಕೆಳಗೆ ಬೆಂಚೈತೆ. ನಾಲ್ಕಾಣೆ."

ಕೊಟ್ಟ. ಹೋಗಿ ಬೆಂಚಿನ ಮೇಲೆ ಉದ್ದಕ್ಕೆ ಮಲಗಿ, ಟವೆಲ್ ಮುಖದ ಮೇಲೆ ಎಳೆದುಕೊಂಡ. ಇಪ್ಪತ್ತೆರಡು ಜನ ಆಡಿದರು, ಒಬ್ಬ ಮಲಗಿದ. ಅಷ್ಟೇ ಆ ದಿನದ ಜನ.

ಮ್ಯಾನೇಜರು ವಂದನಾರ್ಪಣೆಯ ಭಾಷಣವನ್ನು ವಾರದ ಹಿಂದೆಯೇ ನನ್ನ ದುಂಡಗಿನ ಅಕ್ಷರದಲ್ಲಿ ಬರೆಸಿಟ್ಟಿದ್ದರು. ಬರೆಸಿದ್ದನ್ನು ಬದಲಾಯಿಸುವ ಸ್ವಭಾವ ಅವರದಲ್ಲ. ಮೈಕಿನ ಮುಂದೆ ನಿಂತು ಓದಿದರು: "ಇಲ್ಲಿ ಕಿಕ್ಕಿರಿದು ನೆರೆದಿರುವ ಈ ಜನಸಾಗರಕ್ಕೆ ನಾನು ಚಿರಋಣಿ!"

ಮೈಕಿನ ಸದ್ದಿಗೆ ಜನಸಾಗರ ಬೆಚ್ಚಿ ಎದ್ದು ಕೂತಿತು. ಮೈಮುರಿದು, ಹೊತ್ತು ನೋಡಿ, ಓಡೋಡಿ ನನ್ನ ಹತ್ತಿರ ಬಂತು.

"ಲೋಕಿಕೆರೆ ಬಸ್ಸು ಹೋತೇನ್ರಿ?"

"ಹೋಗಿ ಅರ್ಧ ಗಂಟೆ ಆತು."

ಅವನಿಗೆ ನಿಜವಾಗಿಯೂ ಸಿಟ್ಟು ಬಂತು. "ಅಲ್ರೀ, ನಾಲ್ಕಾಣೆ ಇಸ್ಕೊಂಡು ಎಬ್ಬಸೋದು ಬ್ಯಾಡ್ವಾ?"

ಮುರಿದ ಕಾಲು

ಹರಿಹರದಲ್ಲಿ ಒಬ್ಬ ಹಮಾಲಿ ಇದ್ದ. ಹಗಲು ಮೂಟೆ ಹೊರುತ್ತಿದ್ದ, ಸಂಜೆ ಬರಿಗಾಲಲ್ಲಿ ಫುಟ್‌ಬಾಲ್ ಆಡುತ್ತಿದ್ದ. ಚೆಂಡು ಕಾಲಿಗೆ ಸಿಕ್ಕರೆ ಮೈದಾನದ ಅಂಚು ಹಿಡಿದು ಅವನು ಓಡುವ ಓಟ ನೋಡಲೆಂದೇ ಜನ ಬರುತ್ತಿದ್ದರಂತೆ. 'ಅಂತೆ' ಯಾಕೆಂದರೆ ನಾನು ನೋಡಿರಲಿಲ್ಲ. ಬಾಗಿಲಲ್ಲಿ ಕೂತವನ ಬೆನ್ನು ಯಾವಾಗಲೂ ಆಟದ ಕಡೆಗೇ ಇರುತ್ತದೆ.

ಒಂದು ಪಂದ್ಯದಲ್ಲಿ ಅವನ ಕಾಲು ಮುರಿಯಿತು. ಸರಿಯಾಗಿ ಕೂಡಲಿಲ್ಲ. ಹಮಾಲಿ ಕೆಲಸ ಹೋಯಿತು. ಹೆಂಡತಿಯ ತವರು ಕುಕ್ಕುವಾಡಕ್ಕೆ ಹೋಗಿ ಸೇರಿಕೊಂಡ. ವರ್ಷ ಕಳೆದ ಮೇಲೆ ನಮ್ಮ ಕಮಿಟಿಗೆ ಕರುಣೆ ಹುಟ್ಟಿ, ಅವನ ಸಹಾಯಾರ್ಥ ಹರಿಹರದಲ್ಲೇ ಒಂದು ಪಂದ್ಯ ಇಟ್ಟರು. ಬಾಗಿಲಿಗೆ ಅನುಭವಸ್ಥ ಬೇಕೆಂದು ನನ್ನನ್ನೇ ರೈಲು ಹತ್ತಿಸಿದರು. ಜನ ಮುಗಿಬಿದ್ದು ಬಂದರು. ನನ್ನ ಜನ್ಮದಲ್ಲಿ ಅಷ್ಟು ಟಿಕೆಟ್ ಹರಿದಿರಲಿಲ್ಲ.

ಮ್ಯಾನೇಜರು ಮೈಕಿನಲ್ಲೇ ನನಗೆ ಅಪ್ಪಣೆ ಕೊಟ್ಟರು: "ಕಾಲು ಮುರಿದ ಆಟಗಾರ ಕುಂಟ್ತಾ ಬರ್ತಾನೆ. ಅವನಿಗೆ ಟಿಕೆಟ್ ಕೇಳಬ್ಯಾಡ, ಮುಂದಿನ ಸಾಲಿನಾಗೆ ಕೂಡ್ರಿಸು!"

ಹೊರಗೆ ನಿಂತಿದ್ದವರಿಗೂ ಅದು ಕೇಳಿಸಿತು. ಐದು ನಿಮಿಷಕ್ಕೆ ಒಬ್ಬ ಕುಂಟುತ್ತಾ ಬಂದ. ಕೈಹಿಡಿದು ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ. ಮೊದಲು ಹೋದವನೇ ಸುಳ್ಳನೇನೋ, ಇವನು ನಿಜವಾದವನಿದ್ದರೆ ಪಾಪ ಎಂದು ಬಿಟ್ಟೆ. ಮೂರನೆಯವನು ಬರುವಾಗ ಎಡಗಾಲು ಎಳೆಯುತ್ತಿದ್ದ, ಬಾಗಿಲು ದಾಟುವಾಗ ಬಲಗಾಲು. ಹಿಂದೆ ಸಾಲು ತಳ್ಳಾಡುತ್ತಿತ್ತು, ಅವನೂ ಹೋದ.

ಆಮೇಲೆ ಜಟಕಾದಿಂದ ಒಬ್ಬ ಇಳಿದ. ಕಂಕುಳಲ್ಲಿ ಕೋಲು, ಪಕ್ಕದಲ್ಲಿ ಹೆಂಡತಿ.

"ಈ ಆಟ ನನ್ನ ಸಲುವಾಗಿ ಇಟ್ಟಾರಂತೆ ಅಣ್ಣಾ" ಅಂದ.

"ಹಂಗಂತ ಹೇಳಿ ಆಗ್ಲೇ ಮೂರು ಜನ ಒಳಗೆ ಹೋಗ್ಯಾರೆ. ನೀನು ನಾಲ್ಕನೇಯೋನು."

ಅವನು ಸಿಟ್ಟಾಗಲಿಲ್ಲ. "ಮೂರೂ ಜನಕ್ಕೆ ಕಾಲು ಮುರಿದೈತಾ? ಪಾಪ" ಅಂದ.

ಹೆಂಡತಿ ಬಿಡಲಿಲ್ಲ. "ಇವ್ರ ಆಟ ನಾನು ಒಂದಿನಾನೂ ನೋಡಿಲ್ರಿ. ಇವತ್ತು ಮರ್ಯಾದೆ ಆದ್ರೂ ನೋಡಾನ ಅಂತ ಬಂದೀನಿ. ನಿಮಗೇನು ಕಾಲು ಬಿಚ್ಚಿ ತೋರಿಸಬೇಕಾ?"

"ಇರ್ಲಿ ಬಾರೇ" ಎಂದು ಅವನು ಪಂಚೆಯ ಮಡಿಕೆಯಿಂದ ನಾಲ್ಕಾಣೆ ತೆಗೆದು ಎರಡು ನೆಲದ ಟಿಕೆಟ್ ಕೊಂಡ. ನಾನು ಹರಿದು ಕೊಟ್ಟೆ. ಈ ಕೈಯಿಂದಲೇ.

ಅರ್ಧ ಆಟಕ್ಕೆ ಸನ್ಮಾನ. ವೇದಿಕೆಯಿಂದ ಕರೆದಾಗ, ಅವನ ಓಟ ನೋಡಿದ್ದರೂ ಮುಖ ನೆನಪಿಟ್ಟಿರದ ಮ್ಯಾನೇಜರು ಮುಂದಿನ ಸಾಲಿನ ಮೊದಲ ಕುಂಟನನ್ನು ರಟ್ಟೆ ಹಿಡಿದು ಎಬ್ಬಿಸಿದರು. ಅವನು "ಬ್ಯಾಡ್ರಿ, ನನಗ್ಯಾಕೆ ಬ್ಯಾಡ್ರಿ" ಎಂದು ಬೆವರಿದ. ಎಷ್ಟು ವಿನಯ ಎಂದು ಜನ ಚಪ್ಪಾಳೆ ತಟ್ಟಿದರು. ಕೊರಳಿಗೆ ಮೊಳಕಾಲುದ್ದದ ಹಾರ ಬಿತ್ತು. ಅಧ್ಯಕ್ಷರು ಹಣದ ಚೀಲವನ್ನು ಕೈಯಲ್ಲಿ ಹಿಡಿದೇ, ಅವನ ಕಾಲನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾ ಭಾಷಣ ಶುರುಮಾಡಿದರು.

ಅಷ್ಟರಲ್ಲಿ ನೆಲದಲ್ಲಿ ಕೂತಿದ್ದ ಹಮಾಲಿಗಳ ಗುಂಪಿನಿಂದ ಒಂದು ಕೂಗು ಬಂತು: "ಏ, ನಮ್ಮೋನು ಇಲ್ಲಿ ಅದಾನೆ! ಅವನ್ಯಾವನಲೇ ಅಲ್ಲಿ?"

ಇಡೀ ಗುಂಪು ಎದ್ದು ವೇದಿಕೆಯ ಕಡೆ ನುಗ್ಗಿತು. ನಾನೂ ಮೇಜು ಬಿಟ್ಟು ಒಳಗೆ ಓಡಿದೆ. ಹಾರದವನು ಒಂದು ಕ್ಷಣ ಎರಡೂ ಕಡೆ ನೋಡಿದ. ವೇದಿಕೆಯಿಂದ ಹಾರಿದವನೇ ಮೈದಾನದ ಅಂಚು ಹಿಡಿದು ಬಿದ್ದಂಬೀಳ ಓಡತೊಡಗಿದ. ಅಡ್ಡ ಬಂದ ಇಬ್ಬರು ಹಮಾಲಿಗಳನ್ನು ಎಡಕ್ಕೆ ಬಾಗಿ, ಬಲಕ್ಕೆ ಬಾಗಿ ದಾಟಿದ. ರೆಫರಿಯನ್ನೂ ದಾಟಿದ. ಹಾರದ ಹೂವೆಲ್ಲ ಹಿಂದೆ ಉದುರುತ್ತಿತ್ತು. ಗೋಣಿತಟ್ಟು ಹರಿದುಕೊಂಡು ಹೊಳೆಯ ಕಡೆ ಮಾಯವಾಗುವವರೆಗೂ ಜನ ಎದ್ದು ನಿಂತು ಸಿಳ್ಳೆ ಹಾಕಿದರು.

ಹಣದ ಚೀಲ ಪುಣ್ಯಕ್ಕೆ ಅಧ್ಯಕ್ಷರ ಕೈಯಲ್ಲೇ ಉಳಿದಿತ್ತು. ಆಮೇಲೆ ಅದು ಸೇರಬೇಕಾದವನಿಗೇ ಸೇರಿತು, ಶಾಮಿಯಾನದ್ದು, ಅತಿಥಿಗಳ ಊಟದ್ದು, ಓಡಿಹೋದ ಆ ಹಾರದ್ದೂ ಖರ್ಚು ಮುರಿದುಕೊಂಡು.

ಆದರೆ ನನಗೆ ಮರೆಯದೆ ಉಳಿದದ್ದು ಅದಲ್ಲ. ಆ ಗದ್ದಲದಲ್ಲಿ ನಾನು ಬಂದು ನಿಂತದ್ದು ಸರಿಯಾಗಿ ಆ ಗಂಡ-ಹೆಂಡಿರ ಬೆನ್ನ ಹಿಂದೆ. ಎಲ್ಲರೂ "ಹಿಡೀರಿ, ಹಿಡೀರಿ" ಎಂದು ಕೂಗುತ್ತಿದ್ದರು. ಅವನೊಬ್ಬ ಕೂಗುತ್ತಿರಲಿಲ್ಲ. ಕೋಲಿನ ಮೇಲೆ ಭಾರ ಬಿಟ್ಟು, ಓಡುವವನ ಮೇಲಿಂದ ಕಣ್ಣು ಕೀಳದೆ, ಹೆಂಡತಿಯ ಭುಜ ಅಲುಗಿಸಿ ಹೇಳುತ್ತಿದ್ದ:

"ನೋಡೇ, ನೋಡೇ... ನಾನು ಹಿಂಗೇ ಓಡ್ತಿದ್ದೆ!"